ಮೌಶಿ ಹೇಳದ ಆಮೆನ್

ಹೋದ ತಿಂಗಳು ಒಂದು ಮದುವೆಗೆಂದು ಹಾರೂಗೇರಿಗೆ ಹೊರಟಿದ್ದೆ. ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಮುದುಕ ಅಂಗೈ ಮೇಲೆ ತಂಬಾಕು ಹಾಕಿಕೊಂಡು, ಸುಣ್ಣ ಹಚ್ಚಿ, ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಕೊನೆಗೆ ಚಟ್ಟಂತ ಬಡಿದ. ಕಿಟಕಿಯ ಗಾಳಿಗೆ ಪುಡಿಯೆಲ್ಲ ನೇರ ನನ್ನ ಮೂಗಿಗೇ ಬಂತು. ಮೇಲಿಂದ ಮೇಲೆ ಸೀನಿದೆ. ನಾಲ್ಕು ಮಾತು ಅಂದುಬಿಡಬೇಕೆಂದು ಬಾಯಿ ತೆರೆದವಳು ಹಾಗೇ ಸುಮ್ಮನಾದೆ. ಆ ಘಾಟಿಗೆ ಮೌಶಿ ನೆನಪಾಗಿಬಿಟ್ಟಿದ್ದಳು...

ಮೌಶಿ ನಮ್ಮ ಸಂಬಂಧಿಕಳಲ್ಲ. ಮರಾಠಿಯಲ್ಲಿ ಅವ್ವನ ತಂಗಿಗೆ ಮೌಶಿ ಅನ್ನುತ್ತಾರೆ; ನಿಪ್ಪಾಣಿಯ ನಮ್ಮ ಚಾಳಿನಲ್ಲಿ ಕನ್ನಡದವರೂ ಮರಾಠಿಯವರೂ ಅವಳನ್ನು ಹಾಗೇ ಕರೆಯುತ್ತಿದ್ದರು. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ತಂಬಾಕು ಹಸನು ಮಾಡಿ ಮೂಟೆ ಕಟ್ಟುವ ವಖಾರದಲ್ಲಿ ಜರಡಿ ಹಿಡಿಯುವ ಕೆಲಸ. ಸೀರೆ, ತಲೆಗೂದಲು, ಅವಳು ಮಾಡಿದ ಚಹಾ, ಎಲ್ಲಕ್ಕೂ ತಂಬಾಕಿನದೇ ವಾಸನೆ. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಾನು ಆಗಷ್ಟೇ ಟಿ.ಸಿ.ಎಚ್. ಮುಗಿಸಿ ಶಾಲೆಯ ನೌಕರಿಗೆ ಕಾಯುತ್ತಿದ್ದೆ.

ಶುಕ್ರವಾರ ಸಂಜೆ ಮೌಶಿಯ ಮನೆಯಲ್ಲಿ ಪ್ರಾರ್ಥನೆ. ವಖಾರ ಬಿಟ್ಟ ಕೂಡಲೇ ಹೆಂಗಸರು ಕೈಕಾಲು ಸಹ ತೊಳೆಯದೆ ನೇರ ಅಲ್ಲಿಗೇ ಬರುತ್ತಿದ್ದರು. ಜಮಖಾನ ಹಾಸಿದ ಆ ಸಣ್ಣ ಕೋಣೆಯಲ್ಲಿ ಎಲ್ಲರೂ ಒತ್ತೊತ್ತಿ ಕೂತು ಸೆರಗು ತಲೆಗೆ ಎಳೆದುಕೊಂಡರೆ ಸಾಕು, ತಂಬಾಕಿನ ಧೂಳು ಎದ್ದು ಒಬ್ಬರಾದ ಮೇಲೆ ಒಬ್ಬರು ಸೀನಲು ಸುರುಮಾಡುತ್ತಿದ್ದರು. ಹೊಸ ಪಾಸ್ಟರರು ಮೊದಲ ಸಲ ಬಂದಾಗ ವಾಕ್ಯ ಓದಿದ್ದಕ್ಕಿಂತ ಸೀನಿದ್ದೇ ಹೆಚ್ಚು. ಮೌಶಿ ಅವರ ಮುಂದೆ ನಗು ತಡೆದುಕೊಂಡು, ಅವರು ಹೋದ ಮೇಲೆ ಗೋಡೆಗೆ ಒರಗಿ ಹೊಟ್ಟೆ ಹಿಡಿದು ನಕ್ಕಿದ್ದಳು. ಅವಳ ಪ್ರಾರ್ಥನೆ ಕನ್ನಡದಲ್ಲಿ ಹೊರಟು, ಗಂಟಲು ತುಂಬಿ ಬಂದಾಗ ತಾನಾಗಿ ಮರಾಠಿಗೆ ತಿರುಗುತ್ತಿತ್ತು. ದೇವರ ಜೊತೆ ಅವಳು ಮನೆಯ ಹಿರಿಯನ ಹತ್ತಿರ ಮಾತಾಡಿದಂತೆ ಮಾತಾಡುತ್ತಿದ್ದಳು. ಕೇಳುತ್ತಿದ್ದಳು, ಗದರುತ್ತಲೂ ಇದ್ದಳು.

ಆದರೆ ಹಾಡು ಸುರುವಾಗುವ ಮೊದಲು ಒಂದು ಪದ್ಧತಿ ಇತ್ತು. ಅದನ್ನು ಯಾವ ಪಾಸ್ಟರರೂ ಕಲಿಸಿದ್ದಲ್ಲ, ಮೌಶಿಯದೇ. ಎಲ್ಲರೂ ಕೂತ ಮೇಲೆ ಒಬ್ಬೊಬ್ಬರ ಮುಖ ನೋಡಿ ಕೇಳುತ್ತಿದ್ದಳು:

“ಯಾರ ಮ್ಯಾಲ ಯಾರಿಗೆ ಸಿಟ್ಟ ಐತಿ, ಈಗ ಹೇಳ್ರಿ. ಕಣ್ಣ ಮುಚ್ಚಿದ ಮ್ಯಾಲ ದೇವ್ರಿಗೆ ಹೇಳಬ್ಯಾಡ್ರಿ, ಅವಗ ಮೊದ್ಲ ಗೊತ್ತೈತಿ.”

ಸಿಟ್ಟಿದ್ದವರು ಹೇಳಬೇಕು. ತಪ್ಪು ಮಾಡಿದವರು ಎದ್ದು, ಮೂಲೆಯಲ್ಲಿದ್ದ ಬಿಂದಿಗೆಯಿಂದ ಒಂದು ತಂಬಿಗೆ ನೀರು ತುಂಬಿ, ನೊಂದವರ ಕೈಗೆ ತಾವೇ ಕೊಡಬೇಕು. ನೊಂದವರು ಆ ನೀರು ಕುಡಿದರೆ ಮುಗಿಯಿತು. ಕುಡಿಯುವ ತನಕ ಹಾಡಿಲ್ಲ, ಪ್ರಾರ್ಥನೆ ಇಲ್ಲ. ಒಮ್ಮೆ ಒಬ್ಬಳ ಆಡು ಇನ್ನೊಬ್ಬಳು ಒಣಗಹಾಕಿದ ಸಂಡಿಗೆಯನ್ನೆಲ್ಲ ತಿಂದುಹಾಕಿತ್ತು. ಆಡಿನವಳು ತಂಬಿಗೆ ಹಿಡಿದು ನಿಂತರೆ ಸಂಡಿಗೆಯವಳು ಮುಖ ತಿರುವಿ, “ಆಡಿನ ಕೈಲೇ ಕೊಡಸಲಿ” ಅಂದಳು. ಚಹಾ ಆರಿ ತಣ್ಣಗಾಯಿತು. ಕೊನೆಗೆ ಇಬ್ಬರಿಗೂ ನಗು ಬಂದು, ನೀರು ಅರ್ಧ ಕುಡಿದು ಅರ್ಧ ಚೆಲ್ಲಿ, ಪ್ರಾರ್ಥನೆ ಸುರುವಾಯಿತು.

ಕೂಡಿ ಪ್ರಾರ್ಥಿಸುವುದರಲ್ಲಿ ಬಲವಿದೆಯೇ ಎಂದು ಯಾರಾದರೂ ಕೇಳಿದರೆ ನನಗೆ ಆ ಕೋಣೆಯೇ ಕಣ್ಣ ಮುಂದೆ ಬರುತ್ತದೆ. ನನ್ನ ತಮ್ಮನಿಗೆ ವಿಷಮಜ್ವರ ಬಂದು ಆಸೆಯನ್ನೇ ಕೈಬಿಟ್ಟಂತಾಗಿದ್ದಾಗ ಆ ಹೆಂಗಸರು ಅವನ ಹಾಸಿಗೆಯ ಸುತ್ತ ಕೂತು ಬೇಡಿಕೊಂಡರು. ಅವನು ಬದುಕಿದ್ದು ಪ್ರಾರ್ಥನೆಯಿಂದಲೋ ದವಾಖಾನೆಯ ಇಂಜೆಕ್ಷನ್ನಿನಿಂದಲೋ ಎಂದು ನಾನು ಯಾರ ಜೊತೆಗೂ ವಾದಿಸುವುದಿಲ್ಲ. ಆದರೆ ಅವನ ಹೆಸರು ಹಿಡಿದು ದೊಡ್ಡ ದನಿಯಲ್ಲಿ ಬೇಡಿಕೊಂಡವಳು ಮರುದಿನ ಗಂಜಿ ತರದೇ ಇರಲು ಸಾಧ್ಯವಿರಲಿಲ್ಲ. ಪಾಳಿಯ ಮೇಲೆ ಒಬ್ಬೊಬ್ಬರು ಬಂದು ಅವನ ಹತ್ತಿರ ಕೂತರು, ಅವ್ವನಿಗೆ ಕಣ್ಣು ಮುಚ್ಚಲು ಬಿಟ್ಟರು. ಅದರಲ್ಲಿ ಸಂಡಿಗೆಯವಳೂ ಇದ್ದಳು, ಆಡಿನವಳೂ ಇದ್ದಳು.

ಇದನ್ನೆಲ್ಲ ಹಾಳು ಮಾಡಿದ್ದು ಹೊರಗಿನ ಯಾವ ವೈರಿಯೂ ಅಲ್ಲ. ನಮ್ಮದೇ ಚರ್ಚಿನ ಸಭೆಯ ಇಸ್ತ್ರಿ ಅಂಗಿಯವರು.

ವಖಾರದ ಮುಕಾದಮ ನಮ್ಮ ಸಭೆಯವನೇ. ಯಾರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು, ಯಾರನ್ನು ಬಿಡಿಸಬೇಕು ಎಂಬುದೆಲ್ಲ ಅವನ ಕೈಯಲ್ಲಿತ್ತು. ಸಭೆಯ ಕಮಿಟಿಯಲ್ಲೂ ಅವನ ಮಾತಿಗೆ ತೂಕವಿತ್ತು. ಅದೇ ವಖಾರಕ್ಕೆ ದಿಗ್ಗೇವಾಡಿಯಿಂದ ತಾಯಿಯ ಜೊತೆ ಬಂದ ಒಬ್ಬಳು ಕೆಲಸಕ್ಕೆ ಸೇರಿದ್ದಳು. ಹೆಚ್ಚುಕಡಿಮೆ ನನ್ನ ವಯಸ್ಸಿನವಳು, ಮಾತು ಕಡಿಮೆ. ಒಂದು ದಿನ ಮುಕಾದಮ ಅವಳನ್ನು ಹಿಂದಿನ ಗೋದಾಮಿಗೆ ಕರೆದು ಕೈ ಹಿಡಿದು ಎಳೆದ. ಅವಳು ಚೀರಿಕೊಂಡಳು. ಜನ ಓಡಿ ಬರುವಷ್ಟರಲ್ಲಿ ಅವನು, ಸೆರಗಿನಲ್ಲಿ ತಂಬಾಕು ಕದ್ದು ಕಟ್ಟಿಕೊಂಡಿದ್ದಳು, ಹಿಡಿದುಬಿಟ್ಟೆ ಎಂದ. ಸಂಜೆಗೆ ಅವಳ ಕೆಲಸ ಹೋಯಿತು. ಕಳ್ಳಿ ಎಂಬ ಹೆಸರು ಮಾತ್ರ ಉಳಿಯಿತು.

ಆ ಶುಕ್ರವಾರ ಅವನು ಪ್ರಾರ್ಥನೆಗೆ ಬಂದ. ಆಗಾಗ ಬರುತ್ತಿದ್ದ, ಹೆಂಗಸರು ಜಮಖಾನದ ಮೇಲೆ, ಅವನೊಬ್ಬ ಕುರ್ಚಿಯ ಮೇಲೆ. ಆ ಹುಡುಗಿಯೂ ಬಾಗಿಲ ಹತ್ತಿರ ಮುದುಡಿ ಕೂತಿದ್ದಳು. ಮೌಶಿ ಎಂದಿನಂತೆ ತನ್ನ ಪ್ರಶ್ನೆ ಕೇಳಿದಳು. ಬಾಗಿಲ ಕಡೆಯಿಂದ ಹುಡುಗಿಯ ದನಿ ಬಂತು.

“ನನಗ ಐತ್ರಿ ಮೌಶಿ. ನಾ ಕಳುವು ಮಾಡಿಲ್ಲ. ಅವ್ರು ಕೈ ಹಿಡದ್ರು, ಒದರಿದೆ. ಅದಕ್ಕ ಕಳ್ಳಿ ಅಂದ್ರು.”

ಮುಕಾದಮ ನಕ್ಕ. “ನಾ ಪ್ರಾರ್ಥನಿಗೆ ಬಂದೀನೋ ಪಂಚಾಯ್ತಿಗೆ ಬಂದೀನೋ? ಹಾಡ ಸುರು ಮಾಡು ಮೌಶಿ.”

“ಬಿಂದಿಗಿ ಅಲ್ಲೈತಿ ನೋಡ್ರಿ,” ಅಂದಳು ಮೌಶಿ. “ಆಕಿಗೆ ನೀರ ಕೊಡ್ರಿ, ಆಮ್ಯಾಲ ಹಾಡ.”

ಅವನು ಎದ್ದು ಹೋದ. ಮೌಶಿ ಜಮಖಾನದ ತುದಿ ಹಿಡಿದು ಸುತ್ತತೊಡಗಿದಳು. ಕೂತಿದ್ದವರು ಒಬ್ಬೊಬ್ಬರಾಗಿ ಏಳಬೇಕಾಯಿತು. ಮುಂದಿನ ಶುಕ್ರವಾರವೂ ಅದೇ, ಅದರ ಮುಂದಿನ ಶುಕ್ರವಾರವೂ ಅದೇ. ಎಲ್ಲರೂ ಬರುವುದು, ಮೌಶಿ ಕೇಳುವುದು, ಹುಡುಗಿ ತನಗೆ ಸಿಟ್ಟಿದೆ ಅನ್ನುವುದು, ಹಾಡು-ಪ್ರಾರ್ಥನೆ ಇಲ್ಲದೆ ಚಹಾ ಕುಡಿದು ಹೋಗುವುದು.

ಕಮಿಟಿಯ ಹಿರಿಯರು ಮೌಶಿಯ ಮನೆಗೆ ಬಂದರು. ನಾನು ಗೋಡೆಯ ಈಚೆ ಒಲೆಯ ಮುಂದೆ ಇದ್ದೆ, ಎಲ್ಲ ಕೇಳಿಸುತ್ತಿತ್ತು. ಒಬ್ಬ ಹುಡುಗಿಯ ಸಲುವಾಗಿ ಎಲ್ಲರ ಪ್ರಾರ್ಥನೆ ನಿಲ್ಲಿಸುತ್ತೀಯಾ, ಕೂಡಿ ಬೇಡಿದರೆ ಬಲವಿದೆ ಎಂದು ನೀನೇ ಹೇಳುತ್ತಿದ್ದವಳಲ್ಲವೇ ಎಂದರು. ಕೂಡುವುದೆಂದರೆ ಒಂದು ಕೋಣೆಯಲ್ಲಿ ಕೂರುವುದಲ್ಲ ಎಂದಳು ಮೌಶಿ. ಆಗ ಅವರಲ್ಲೊಬ್ಬರು ಕ್ಷಮೆಯ ಮೇಲೆ ಒಂದು ಭಾಷಣವನ್ನೇ ಕೊಟ್ಟರು. ಹುಡುಗಿ ಮನಸ್ಸು ದೊಡ್ಡದು ಮಾಡಬೇಕಂತೆ, ಕ್ರೈಸ್ತಳಾದವಳು ಸಿಟ್ಟು ಇಟ್ಟುಕೊಳ್ಳಬಾರದಂತೆ. ಮೌಶಿ ಪೂರ್ತಿ ಕೇಳಿಸಿಕೊಂಡು ಅಂದದ್ದು ಇಷ್ಟು:

“ಮಾಫಿ ಕೇಳಾಂವ ಬಾಯಿ ಮುಚ್ಚಿ ಕುಂತಾನ. ಮಾಫಿ ಮಾಡಾಕಿ ಕುತಗಿ ಯಾಕ ಒತ್ತಾಕತ್ತೀರಿ?”

ಅವರು ಮೌಶಿಯನ್ನು ಬಿಟ್ಟು ಹುಡುಗಿಯ ತಾಯಿಯನ್ನು ಹಿಡಿದರು. ಆ ತಾಯಿ ಇನ್ನೂ ಅದೇ ವಖಾರದಲ್ಲಿ ದುಡಿಯುತ್ತಿದ್ದಳು.

ಭಾನುವಾರ ಆರಾಧನೆಯ ಕೊನೆಗೆ ಪಾಸ್ಟರರು ಇವತ್ತು ಸಭೆಯಲ್ಲಿ ಸಮಾಧಾನ ಆಗುತ್ತದೆ ಎಂದರು. ವೇದಿಕೆಯ ಪಕ್ಕ ಮುಕಾದಮ ನಿಂತಿದ್ದ. ಒಬ್ಬ ಹಿರಿಯರು ನೀರು ತುಂಬಿದ ತಂಬಿಗೆ ತಂದರು. ತಂದು, ಮುಕಾದಮನ ಕೈಗೆ ಕೊಡಲಿಲ್ಲ, ಹುಡುಗಿಯ ಕೈಗೆ ಕೊಟ್ಟರು.

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಕಳ್ಳಿ ಅನ್ನಿಸಿಕೊಂಡವಳು, ಕೆಲಸ ಕಳೆದುಕೊಂಡವಳು, ಅವನಿಗೆ ನೀರು ಕೊಡಬೇಕೇ? ಪದ್ಧತಿ ತಿಳಿಯದ ಹೊಸ ಪಾಸ್ಟರರಿಂದ ತಪ್ಪಾಯಿತು ಎಂದು ನನ್ನ ಅವ್ವ ಸಾಯುವ ತನಕ ಹೇಳುತ್ತಿದ್ದಳು. ಪಾಸ್ಟರರಿಗೆ ತಿಳಿಯದು ಎಂದೇ ಇಟ್ಟುಕೊಳ್ಳೋಣ. ಹಿರಿಯರಿಗೆ ತಿಳಿಯದೇ? ಅವರ ಹೆಂಡಂದಿರೇ ಎಷ್ಟೋ ಸಲ ಮೌಶಿಯ ಬಿಂದಿಗೆಯಿಂದ ನೀರು ಕೊಟ್ಟಿದ್ದರು, ಕುಡಿದಿದ್ದರು. ತಿಳಿದೇ ತಿರುವಿಹಾಕಿದರು. ಇಷ್ಟು ವರ್ಷಗಳಾದರೂ ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ಎಲ್ಲರೂ ಕಣ್ಣು ಮುಚ್ಚಿ ಒಂದೇ ಮನಸ್ಸಿನಿಂದ ಪ್ರಾರ್ಥಿಸೋಣ ಎಂದರು ಪಾಸ್ಟರರು. ಮುಚ್ಚಿದೆವು. ಹುಡುಗಿಯ ಬರಿಗಾಲಿನ ಸಪ್ಪಳ, ನೀರು ನೆಲಕ್ಕೆ ತುಳುಕಿದ ಸದ್ದು, ಆಮೇಲೆ ಅವನು ಗಟಗಟ ಕುಡಿದ ಸದ್ದು. ಪಾಸ್ಟರರು ಪ್ರಾರ್ಥನೆ ಮುಗಿಸಿದರು. ಇಡೀ ಸಭೆ ಆಮೆನ್ ಅಂದಿತು.

“ನಾ ಅನ್ನೂದಿಲ್ರಿ.”

ಕಣ್ಣು ತೆರೆದು ನೋಡಿದರೆ ಮೌಶಿ ಎದ್ದು ನಿಂತಿದ್ದಳು. ಅವಳ ದನಿ ಜೋರಾಗಿಯೇನೂ ಇರಲಿಲ್ಲ. “ನಾ ಕಣ್ಣ ಮುಚ್ಚಿಲ್ಲ, ಆಮೆನ್ನೂ ಅನ್ನೂದಿಲ್ಲ,” ಎಂದು ಮುಕಾದಮನನ್ನೇ ನೋಡುತ್ತ ಹೇಳಿದಳು. ಹೋಗಿ ಹುಡುಗಿಯ ತೋಳು ಹಿಡಿದುಕೊಂಡು ಹೊರಗೆ ನಡೆದಳು. ನಾನೂ ಎದ್ದೆ. ಅವ್ವ ನನ್ನ ಸೆರಗು ಹಿಡಿದು ಜಗ್ಗಿದಳು, ಕೊಸರಿಕೊಂಡು ಅವರ ಹಿಂದೆ ಹೋದೆ.

ಕಮಿಟಿ ಕೂಡಿತು. ಪ್ರಾರ್ಥನೆಯಲ್ಲಿ ಕಣ್ಣು ತೆರೆದು ಕೂತು ದೇವರಿಗೆ ಅಪಮಾನ ಮಾಡಿದಳು ಎಂಬುದೇ ಮೌಶಿಯ ಮೇಲಿನ ತಪ್ಪು. ಗೋದಾಮಿಗೆ ಎಳೆದದ್ದು ತಪ್ಪಲ್ಲ, ಕಳ್ಳಿ ಅಂದದ್ದು ತಪ್ಪಲ್ಲ, ಕಣ್ಣು ತೆರೆದದ್ದು ತಪ್ಪು. ಶುಕ್ರವಾರದ ಪ್ರಾರ್ಥನೆ ಮುಕಾದಮನ ಮನೆಗೆ ಹೋಯಿತು. ಅಲ್ಲಿ ಫ್ಯಾನಿತ್ತು, ಚಹಾದ ಜೊತೆ ಶಿರಾ ಇತ್ತು, ಯಾರ ಮೇಲೆ ಯಾರಿಗೆ ಸಿಟ್ಟಿದೆ ಎಂದು ಕೇಳುವವರಿರಲಿಲ್ಲ. ಹೆಂಗಸರು ಹೋದರು. ಅವರನ್ನು ನಾನು ಬೈಯುವುದಿಲ್ಲ, ಅವರ ದಿನದ ಅನ್ನ ಅವನ ಕೈಯಲ್ಲಿತ್ತು. ಕೆಲವರು ಮೌಶಿಯ ಮನೆಯ ಮುಂದೆ ಹಾದುಹೋಗುವಾಗ ಮುಖದ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು.

ಮೌಶಿಯನ್ನೂ ವಖಾರದಿಂದ ಬಿಡಿಸಿದರು. ಮನೆಯಲ್ಲೇ ಕೂತು ಬೀಡಿ ಕಟ್ಟಿದಳು. ಶುಕ್ರವಾರ ಮಾತ್ರ ಬಿಡಲಿಲ್ಲ. ಅವಳು, ದಿಗ್ಗೇವಾಡಿಯವಳು, ನಾನು. ಮೂವರೇ ಇದ್ದರೂ ಪ್ರಶ್ನೆ ಕೇಳಿಯೇ ಕೇಳುತ್ತಿದ್ದಳು. ಹುಡುಗಿ ಪ್ರತಿ ಸಲವೂ ಐತ್ರಿ ಅನ್ನುತ್ತಿದ್ದಳು. ನಾಳೆ ಕೊಡತಾನೇನು ನೋಡೂಣು ಅನ್ನುತ್ತಿದ್ದಳು ಮೌಶಿ. ಆಮೇಲೆ ಹುಡುಗಿ ಮದುವೆಯಾಗಿ ಹೋದಳು, ನನಗೆ ಅಥಣಿಯ ಕಡೆ ಶಾಲೆ ಸಿಕ್ಕಿತು. ತೊಂಬತ್ತರ ದಶಕದ ನಡುವೆ ಎಲ್ಲೋ ಒಂದು ಮಳೆಗಾಲದಲ್ಲಿ ಮೌಶಿ ತೀರಿಕೊಂಡಳು. ಸುದ್ದಿ ತಿಳಿದು ನಾನು ಬರುವಷ್ಟರಲ್ಲಿ ಮಣ್ಣಾಗಿತ್ತು... ಮುಕಾದಮನೇ ಮುಂದೆ ನಿಂತು ಪ್ರಾರ್ಥನೆ ಮಾಡಿದ ಎಂದು ಅವ್ವ ತಲೆ ತಗ್ಗಿಸಿ ಹೇಳಿದಳು. ಅಷ್ಟು ಹೊತ್ತಿಗೆ ಅವನು ಸಭೆಯ ಹಿರಿಯನಾಗಿದ್ದ.

ಈಗ ಆ ಸಭೆಯವರು ಒಂದು ಸಂಚಿಕೆ ತರುತ್ತಾರಂತೆ. ಕೂಡಿ ಪ್ರಾರ್ಥಿಸುವುದರ ಬಲದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಫೋನು ಮಾಡಿದ್ದರು. ಬರೆದಿದ್ದೇನೆ, ಇದನ್ನೇ. ಅಚ್ಚು ಹಾಕುವ ಎದೆಗಾರಿಕೆ ಇದ್ದರೆ ಹಾಕಲಿ.

ಹಾರೂಗೇರಿಯ ಮದುವೆಯಲ್ಲಿ ಪಾಸ್ಟರರು ಎಲ್ಲರೂ ಪ್ರಾರ್ಥಿಸೋಣ ಎಂದರು. ಬಸ್ಸಿನ ತಂಬಾಕಿನ ಉಪದ್ರವ ಇನ್ನೂ ಹೋಗಿರಲಿಲ್ಲ, ನಡುವೆ ನನಗೆ ಸೀನು ಬಂದು ಕಣ್ಣು ತೆರೆಯಿತು. ಪೆಂಡಾಲಿನ ತುಂಬ ತಲೆಬಾಗಿದ ಹೆಂಗಸರು. ಅವರ ನಡುವೆ ಒಬ್ಬಳು ಮಾತ್ರ ತಲೆ ಎತ್ತಿ, ಪಕ್ಕದಲ್ಲಿ ಕೂತ ಮೊಮ್ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡು ಸುತ್ತ ನೋಡುತ್ತಿದ್ದಳು. ಕೂದಲು ನೆರೆತಿದ್ದರೂ ಗುರುತು ಸಿಕ್ಕಿತು, ದಿಗ್ಗೇವಾಡಿಯವಳು.

ಊಟ ಮುಗಿದ ಮೇಲೆ ಅವಳ ಪಕ್ಕ ಹೋಗಿ ಕೂತೆ. ಅವಳು ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಮಕ್ಕಳ ಮಾತು, ಮೊಣಕಾಲು ನೋವಿನ ಮಾತು ಆದ ಮೇಲೆ ಕೇಳಿಯೇಬಿಟ್ಟೆ, ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಲಿಲ್ಲವಲ್ಲ ಎಂದು. ಅವಳು ಮೊಮ್ಮಗಳನ್ನು ಆಡಲು ಕಳಿಸಿ, ದನಿ ತಗ್ಗಿಸಿದಳು.

“ಆವತ್ತ ನೀವೆಲ್ಲಾರೂ ಕಣ್ಣ ಮುಚ್ಚಿದ್ರಿ ಅಕ್ಕಾರ. ತಂಬಿಗಿ ಇಸ್ಕೊಳ್ಳುವಾಗ ಅಂವಾ ಮತ್ತ ನನ್ನ ಕೈ ಹಿಡದ ಒತ್ತಿದಾ. ಮೌಶಿ ಒಬ್ಬಾಕಿ ನೋಡಿದ್ಲು. ಯಾರ ಮುಂದೂ ಹೇಳಬ್ಯಾಡ ಅಂತ ನಾನ ಕಾಲ ಹಿಡಕೊಂಡೆ. ಸಾಯೂತನಕ ಹೇಳಲಿಲ್ಲ.”

ಮೌಶಿ ಇದ್ದಿದ್ದರೆ ಏನು ಹೇಳುತ್ತಿದ್ದಳೋ ಗೊತ್ತಿಲ್ಲ, ಅವಳಿಲ್ಲ. ಅವಳ ಹಾಗೆ ಕೇಳುವವರೂ ಆ ಊರಿನಲ್ಲಿ ಈಗ ಯಾರೂ ಇಲ್ಲ.

“ದೇವ್ರ ಮ್ಯಾಲ ನನಗೇನೂ ಸಿಟ್ಟಿಲ್ರಿ,” ಅಂದಳು ದಿಗ್ಗೇವಾಡಿಯವಳು. “ಮನ್ಯಾಗ ಒಬ್ಬಾಕೀನ ಕುಂತಾಗ ಕಣ್ಣ ಮುಚ್ಚಿ ಪ್ರಾರ್ಥನಿ ಮಾಡ್ತೀನಿ. ಮಂದ್ಯಾಗ ಮುಚ್ಚೂದಿಲ್ಲ.”