ಎರಡು ಸಲ ತೂಗುವ ಅಗಾಫ್ಯಾ

ಬೆಳಗಿನ ಆರೂವರೆ. ಸರೋವರದ ಮೇಲೆ ಮಂಜು ಇನ್ನೂ ಮಲಗಿಯೇ ಇದೆ. ಜೆಟ್ಟಿಯ ತುದಿಗೆ ಕಟ್ಟಿದ ಪುಟ್ಟ ವಿಮಾನ ತನ್ನೆರಡು ತೇಲುಗಾಲುಗಳ ಮೇಲೆ ಮೆಲ್ಲಗೆ ಅಲುಗುತ್ತಿದೆ. ಅದರ ಪಕ್ಕದಲ್ಲಿ, ಕಬ್ಬಿಣದ ತೂಕದ ಹಲಗೆಯ ಬಳಿ, ಕಿವಿ ಮುಚ್ಚುವ ಟೋಪಿ ಹಾಕಿಕೊಂಡ ಗಿಡ್ಡನೆಯ ಹೆಂಗಸೊಬ್ಬರು ಯಾವ ಗಂಡಸಿಗೂ ಇಷ್ಟವಾಗದ ಪ್ರಶ್ನೆಯೊಂದನ್ನು ಕೇಳುತ್ತಿದ್ದಾರೆ.

"ನಿಮ್ಮ ತೂಕ ಎಷ್ಟು?"

"ಇನ್ನೂರ ಹತ್ತು ಪೌಂಡು," ಎನ್ನುತ್ತಾರೆ ಪೋರ್ಫಿರಿ.

"ಯಾವ ವರ್ಷದ್ದು?"

ಪೋರ್ಫಿರಿ ಬಗ್ಗಿ ಬೂಟಿನ ದಾರಕ್ಕೆ ಕೈ ಹಾಕುತ್ತಾರೆ.

"ಬೂಟು ಯಾಕೆ ಬಿಚ್ತೀರಿ ಪೋರ್ಫಿರಣ್ಣ? ಬರಿಗಾಲಲ್ಲಿ ಹೋಗ್ತೀರಾ? ಕೋವೀನೂ ಹಿಡ್ಕೊಳ್ಳಿ. ಹತ್ತಿ."

ಮುಳ್ಳು ಇನ್ನೂರ ನಲವತ್ತೊಂದಕ್ಕೆ ಹೋಗಿ ನಿಲ್ಲುತ್ತದೆ. ಹಿಂದೆ ನಿಂತಿದ್ದ ತಂಗಿ ಮತ್ರೋನಾಗೆ ಇಷ್ಟು ಸಾಕು. "ಅಣ್ಣಾ, ಮಿಕ್ಕ ಮೂವತ್ತೊಂದು ಪೌಂಡು ಬರೋ ದಾರೀಲಿ ಸಿಕ್ತಾ?"

"ನಿನ್ನ ಅಡುಗೆ ಕಣೇ. ಸ್ಕೂಲ್ ಮಕ್ಕಳಿಗೆ ಬಡಿಸಿ ಮಿಕ್ಕಿದ್ದೆಲ್ಲ ನಂಗೇ ತಾನೆ ಹಾಕೋದು."

ಮತ್ರೋನಾ ನೂರ ಎಪ್ಪತ್ತೊಂದು. ಅಗಾಫ್ಯಾ ವಸೀಲಿ ಎರಡನ್ನೂ ಪೆನ್ಸಿಲಿನಲ್ಲಿ ಬರೆದು, ಕೂಡಿ, ಕೆಳಗೆ ಗೆರೆ ಎಳೆಯುತ್ತಾರೆ. ಪೆನ್ಸಿಲೇ ಯಾಕೆಂದರೆ ಮಂಜಿನಲ್ಲಿ ಪೆನ್ನು ಬರೆಯುವುದಿಲ್ಲ.

ಡಿಲ್ಲಿಂಗ್‌ಹ್ಯಾಮ್ ಎಂಬ ಉತ್ತರದ ಹಿಮನಾಡಿನ ಊರಿನಾಚೆಯ ಈ ಸರೋವರದಿಂದ ಬೇಟೆಗೆ ಹಾರುವವರನ್ನು ಮತ್ತು ಅವರ ಗಂಟುಮೂಟೆಗಳನ್ನು ತೂಗುವುದು ಅಗಾಫ್ಯಾ ಅವರ ಕೆಲಸ. ವಯಸ್ಸು ಅರವತ್ಮೂರು, ಇದೇ ಜೆಟ್ಟಿಯ ಮೇಲೆ ಇಪ್ಪತ್ತೇಳು ವರ್ಷ. ಮೂರು ವಿಮಾನಗಳ ಈ ಸಣ್ಣ ಕಂಪನಿಯ ಕಚೇರಿ ಗೋಡೆಯ ಮೇಲೆ ನಾನೂರಕ್ಕೂ ಹೆಚ್ಚು ಫೋಟೊಗಳಿವೆ. ಎಲ್ಲದರಲ್ಲೂ ಕೊಂಬು ಹಿಡಿದು ನಗುವ ಗಂಡಸರು, ಅವರ ಹೆಗಲ ಮೇಲೆ ಕೈ ಹಾಕಿದ ಪೈಲಟ್‌ಗಳು. ಒಂದರಲ್ಲಿ ಮಾತ್ರ, ಎಡತುದಿಯಲ್ಲಿ, ಅಗಾಫ್ಯಾ ಅವರ ಮೊಣಕೈ ಇದೆ.

ಇವತ್ತಿನ ಲೆಕ್ಕ ಹೀಗಿದೆ. ಪೈಲಟ್ ಮತ್ತು ಇಂಧನವನ್ನು ಬಿಟ್ಟರೆ ಈ ವಿಮಾನ ಎತ್ತುವುದು ಆರುನೂರು ಪೌಂಡು. ಅಣ್ಣ ತಂಗಿ ಸೇರಿ ನಾನೂರ ಹನ್ನೆರಡು. ಸಾಮಾನಿಗೆ ಉಳಿಯುವುದು ನೂರ ಎಂಬತ್ತೆಂಟು. ಅವರು ತಂದಿರುವುದು ಇನ್ನೂರ ಅರವತ್ತೆರಡು.

ಪೋರ್ಫಿರಿ ಬೇಟೆಗೆ ಹೊಸಬರಲ್ಲ. ಮೀನಿನ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು, ನಲವತ್ತು ವರ್ಷದಿಂದ ಪ್ರತಿ ಸೆಪ್ಟೆಂಬರಿನಲ್ಲೂ ನದಿಯಲ್ಲಿ ದೋಣಿ ಬಿಟ್ಟುಕೊಂಡು ಹೋಗಿ ಮೂಸ್ ಎಂಬ ಭಾರಿ ಕಡವೆಯನ್ನು ಹೊಡೆದು ತಂದವರು. ಆಗಸ್ಟಿನಲ್ಲಿ ದೋಣಿಯ ಎಂಜಿನ್ ಕೈಕೊಟ್ಟಿತು. ಬಿಡಿಭಾಗ ಬರಲು ಅಕ್ಟೋಬರ್ ಆಗುತ್ತದೆ, ಅಷ್ಟರಲ್ಲಿ ಬೇಟೆಯ ಕಾಲ ಮುಗಿದಿರುತ್ತದೆ. ಎರಡು ಮನೆಗಳಲ್ಲಿ ಸೇರಿ ಒಂಬತ್ತು ಜನ ಚಳಿಗಾಲವಿಡೀ ಉಣ್ಣುವುದು ಈ ಒಂದು ಮೂಸ್‌ನ ಮಾಂಸವನ್ನು. ಡೀಪ್ ಫ್ರೀಜರ್‌ನಲ್ಲಿ ಈಗ ಇರುವುದು ಸಾಲ್ಮನ್ ಮೀನು ಮತ್ತು ಮತ್ರೋನಾ ಕೂಡಿಟ್ಟ ಹಣ್ಣು ಮಾತ್ರ. ಹಾಗಾಗಿ ಅಣ್ಣ ತಂಗಿ ಮೊದಲ ಬಾರಿಗೆ ವಿಮಾನ ಹಿಡಿದಿದ್ದಾರೆ. ಸಂಜೆಯ ಹೊತ್ತಿಗೆ ಕಡಲಿನಿಂದ ಬಿರುಗಾಳಿ ಬರಲಿದೆ ಎಂದು ರೇಡಿಯೊ ಹೇಳುತ್ತಿದೆ. ಬಂದರೆ ನಾಲ್ಕೈದು ದಿನ ಯಾವ ವಿಮಾನವೂ ಏಳುವುದಿಲ್ಲ, ಬೇಟೆಯ ಕಾಲ ಉಳಿದಿರುವುದೂ ಅಷ್ಟೇ ದಿನ. ಎಂಟಕ್ಕೆ ಮಂಜು ಸರಿದಾಗ ಹಾರಬೇಕು, ಇಲ್ಲವಾದರೆ ಈ ವರ್ಷದ ಮಾಂಸದ ಆಸೆ ಬಿಡಬೇಕು.

ಎಪ್ಪತ್ತನಾಲ್ಕು ಪೌಂಡು ಇಳಿಸಲು ಅಗಾಫ್ಯಾಗೆ ಇರುವುದು ಒಂದು ಗಂಟೆ. ಟಾರ್ಪಾಲು ಹಾಸಿ ಚೀಲಗಳನ್ನೆಲ್ಲ ಬಿಚ್ಚಿ ಸುರಿಯುತ್ತಾರೆ.

"ಇದು ದೋಣೀಲಿ ಹೋಗೋರ ಕಟ್ಟು," ಎನ್ನುತ್ತಾರೆ. ಬೈಗುಳವಲ್ಲ, ರೋಗ ಗುರುತಿಸಿದ ಧ್ವನಿ. "ದೋಣಿಗೆ ಏನು, ಮಂಚ ಹಾಕಿದ್ರೂ ತೇಲತ್ತೆ."

ಮಡಚುವ ಕುರ್ಚಿ ಎರಡು ಆಚೆಗೆ. ನೀರಿನಲ್ಲಿ ಬೇಯಿಸಿಟ್ಟ ಬೀನ್ಸ್ ಕಾಳಿನ ಡಬ್ಬಿಗಳು ಆಚೆಗೆ ("ನೀರು ಅಲ್ಲೂ ಸಿಗತ್ತೆ, ಇಲ್ಲಿಂದ ಡಬ್ಬೀಲಿ ಯಾಕೆ?"). ಅವುಗಳ ಜಾಗಕ್ಕೆ ಹೊಸದೇನೂ ಬರುವುದಿಲ್ಲ, ಅಕ್ಕಿ ಆಗಲೇ ಬೇಕಾದಷ್ಟಿದೆ. ಕೊಡಲಿ ಆಚೆಗೆ, ಗರಗಸ ಸಾಕು. ಜೀನ್ಸ್ ಪ್ಯಾಂಟುಗಳು, ಎರಡನೇ ಲಾಂದ್ರ, ಗಾಜಿನ ಬಾಟಲಿಯಲ್ಲಿದ್ದ ಉಪ್ಪಿನಕಾಯಿ. ಪೋರ್ಫಿರಿ ಪ್ರತಿಯೊಂದಕ್ಕೂ ವಕಾಲತ್ತು ವಹಿಸುತ್ತಾರೆ, ಪ್ರತಿಯೊಂದು ಕೇಸಿನಲ್ಲೂ ಸೋಲುತ್ತಾರೆ. ಒಂಬತ್ತು ಪೌಂಡಿನ ಬೀಡುಕಬ್ಬಿಣದ ಬಾಣಲೆಗಾಗಿ ಮಾತ್ರ ಹೈಕೋರ್ಟಿಗೆ ಹೋಗುತ್ತಾರೆ.

"ಅಗಾಫ್ಯಾ, ಹೊಡೆದ ದಿನ ರಾತ್ರಿ ಲಿವರ್ರು, ಈರುಳ್ಳಿ, ಈ ಬಾಣಲೇಲಿ ಹುರಿದು... ನೀನು ತಿಂದಿದ್ರೆ ಹೀಗನ್ನಲ್ಲ."

"ಅಲ್ಯೂಮಿನಿಯಂ ಪಾತ್ರೆ ಮುಚ್ಚಳ ಇದೆಯಲ್ಲ. ತಿರುಗಿಸಿ ಇಟ್ಕೊಳ್ಳಿ, ಬಾಣಲೆ ಆಗತ್ತೆ."

"ಮುಚ್ಚಳದಲ್ಲಿ ಲಿವರ್ರು!" ಎಂದು ಪೋರ್ಫಿರಿ ಸರೋವರದ ಕಡೆಗೆ ತಿರುಗಿ ನಿಲ್ಲುತ್ತಾರೆ.

ಎಂಬತ್ತಮೂರು ಪೌಂಡು ಕೆಳಗಿಳಿಯುತ್ತದೆ. ಬೇಕಾಗಿದ್ದದ್ದು ಎಪ್ಪತ್ತನಾಲ್ಕು. ಮಿಕ್ಕ ಒಂಬತ್ತನ್ನು ಅಗಾಫ್ಯಾ ಬಿಟ್ಟುಕೊಡುವುದಿಲ್ಲ. ಶೆಡ್ಡಿನಿಂದ ಹತ್ತು ಬಿಳಿ ಬಟ್ಟೆಚೀಲ, ಹಗ್ಗದ ಒಂದು ಸುತ್ತು, ಒಂದು ಹಗುರ ಟಾರ್ಪಾಲು ತಂದು ಮತ್ರೋನಾಳ ಚೀಲದ ಮಧ್ಯಕ್ಕೆ ತುರುಕುತ್ತಾರೆ. ಮಾಂಸ ಕಟ್ಟಿ ತೂಗುಹಾಕುವ ಚೀಲಗಳು ಅವು. ಚಳಿಗಾಲದಲ್ಲಿ ಕೂತು ಅವರೇ ಹೊಲಿದದ್ದು, ವರ್ಷಕ್ಕೆ ಇನ್ನೂರು.

"ತೆಗೆಯೋಕೆ ಯಾರಿಗಾದ್ರೂ ಬರತ್ತೆ," ಎಂದು ಪಕ್ಕದಲ್ಲಿ ಬರೆದುಕೊಳ್ಳುತ್ತ ನಿಂತ ನನಗೆ ಹೇಳುತ್ತಾರೆ. "ಏನು ಹಾಕ್ಬೇಕು ಅನ್ನೋದೇ ಕಷ್ಟ. ಹೋಗೋವಾಗ ಇವರು ಹಗುರ ಹೋಗೋದು ಯಾಕೆ ಹೇಳಿ? ಬರೋವಾಗ ಭಾರ ಬರಲಿ ಅಂತ."

ಅಗಾಫ್ಯಾ ಹತ್ತೊಂಬತ್ತು ಸೀಸನ್ ಮೀನಿನ ಕಾರ್ಖಾನೆಯಲ್ಲಿ ಸಾಲ್ಮನ್ ಕೊಯ್ದು ತೊಳೆದವರು. ಐಸ್ ನೀರಿನಲ್ಲಿ ನಿಂತು ನಿಂತು ಮಣಿಕಟ್ಟು ಜೋಮು ಹಿಡಿದ ಮೇಲೆ, ಮೂವತ್ತಾರನೇ ವಯಸ್ಸಿಗೆ, ಇಲ್ಲಿ ಕಚೇರಿ ಗುಡಿಸಿ ಕಾಫಿ ಕಾಯಿಸುವ ಕೆಲಸಕ್ಕೆ ಬಂದರು. ಆಗೆಲ್ಲ ತೂಕ ಬರೆಯುತ್ತಿದ್ದವರು ಕಣ್ಣಳತೆಯ ಪಂಡಿತರು. ಒಂದು ಬೆಳಗ್ಗೆ ವಿಮಾನವೊಂದು ಸರೋವರದ ಈ ತುದಿಯಿಂದ ಆ ತುದಿಯವರೆಗೆ ಓಡಿತು, ಏಳಲಿಲ್ಲ, ಹೋಗಿ ದಡದ ಪೊದೆಗೆ ನುಗ್ಗಿತು. ಯಾರಿಗೂ ಪೆಟ್ಟಾಗಲಿಲ್ಲ. ಗಾಳಿ ಸರಿಯಿರಲಿಲ್ಲ ಎಂದು ಎಲ್ಲರೂ ಗಾಳಿಯನ್ನು ಬೈದರು. ಪೊರಕೆ ಹಿಡಿದು ನಿಂತಿದ್ದ ಅಗಾಫ್ಯಾ ಮಾತ್ರ ಮಾಲೀಕರ ಬಳಿ ಹೋಗಿ, "ಹೊರಡೋಕ್ಕೆ ಮುಂಚೇನೇ ತೇಲುಗಾಲಿನ ಹಿಂಬದಿ ಮುಳುಗಿತ್ತು, ನಾನು ನೋಡ್ದೆ," ಎಂದರು. ಮಾರನೆಯ ದಿನ ಪೊರಕೆ ಬೇರೆಯವರ ಕೈಗೆ ಹೋಯಿತು, ಪೆನ್ಸಿಲು ಇವರ ಕೈಗೆ ಬಂತು.

"ಹಿಂದಿನ ಪುಸ್ತಕ ತೆಗೆದು ನೋಡಿದ್ರೆ ಎಲ್ಲಾ ಕಡೆ 'ಸುಮಾರು'. ಸುಮಾರು ಇನ್ನೂರು, ಸುಮಾರು ಐವತ್ತು. ವಿಮಾನ ಸುಮಾರಾಗಿ ಹಾರತ್ತಾ?"

ಸೆಪ್ಟೆಂಬರಿನಲ್ಲಿ ದಿನಕ್ಕೆ ಆರು ಹಾರಾಟ, ಹನ್ನೆರಡು ಹದಿಮೂರು ಬೇಟೆಗಾರರು. ಪ್ರತಿಯೊಂದು ಪೌಂಡನ್ನೂ ಅವರು ಎರಡು ಸಲ ತೂಗುತ್ತಾರೆ. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದನ್ನು ಮುಂಚಿತವಾಗಿ ಯಾರಿಗೂ ಹೇಳುವುದಿಲ್ಲ. ಏಕೆಂದರೆ ಎರಡರ ನಡುವಿನ ಅರ್ಧ ಗಂಟೆಯಲ್ಲಿ, ಅವರ ಪ್ರಕಾರ, ಎಂಥ ಮರ್ಯಾದಸ್ಥರೂ ತಮ್ಮ ಸಾಮಾನನ್ನು ತಾವೇ ಕದಿಯುತ್ತಾರೆ. ನ್ಯಾಯಾಧೀಶರೊಬ್ಬರ ಕೋಟಿನ ತೋಳಿನೊಳಗೆ ಕಾಫಿ ಫ್ಲಾಸ್ಕ್ ಸಿಕ್ಕಿದೆ. ಪಾದ್ರಿಯೊಬ್ಬರು ಎರಡು ಜೊತೆ ಪ್ಯಾಂಟು ಒಂದರ ಮೇಲೊಂದು ಹಾಕಿಕೊಂಡು, ಮೊಣಕಾಲು ಮಡಚಲಾಗದೆ ನಿಂತಿದ್ದರಂತೆ.

ಏಳೂ ಐವತ್ತು. ಎದುರು ಗುಡ್ಡದ ನೆತ್ತಿ ಕಾಣಿಸಿಕೊಳ್ಳುತ್ತಿದೆ. ಪೈಲಟ್ ಡೆಲ್ಬರ್ಟ್ ಎಂಜಿನ್ ಬಿಸಿ ಮಾಡಿಯಾಗಿದೆ. ಅಗಾಫ್ಯಾ ಎಲ್ಲವನ್ನೂ ಮತ್ತೆ ಹಲಗೆಯ ಮೇಲೆ ಹತ್ತಿಸುತ್ತಾರೆ. ಪೋರ್ಫಿರಿ ಇನ್ನೂರ ನಲವತ್ತೊಂದು. ಮತ್ರೋನಾ ನೂರ ಎಪ್ಪತ್ತೊಂದು. ಸಾಮಾನು ನೂರ ಎಂಬತ್ತೆಂಟು. ಒಂದು ಪೌಂಡೂ ಆಚೀಚೆ ಇಲ್ಲ.

"ಆರುನೂರು!" ಎಂದು ಡೆಲ್ಬರ್ಟ್ ಚಪ್ಪಾಳೆ ತಟ್ಟುತ್ತಾರೆ. "ದೊಡ್ಡಮ್ಮ, ಹೊರಡ್ತೀವಿ. ಆ ಗುಡ್ಡ ನೋಡಿ, ಮಂಜು ಮತ್ತೆ ಇಳೀತಿದೆ."

ಅಗಾಫ್ಯಾ ಚೀಲಗಳನ್ನು ಒಂದೊಂದಾಗಿ ಎತ್ತಿ ಕೊಡುತ್ತಾರೆ. ಡೇರೆ. ಒಲೆ. ಮತ್ರೋನಾಳ ಚೀಲವನ್ನು ಪಟ್ಟಿ ಹಿಡಿದು ಎತ್ತುತ್ತಾರೆ, ಅರ್ಧಕ್ಕೆ ನಿಲ್ಲಿಸುತ್ತಾರೆ. ಕೆಳಗಿಟ್ಟು ಇನ್ನೊಮ್ಮೆ ಎತ್ತುತ್ತಾರೆ. ಚೀಲ ಒಂದು ಪಕ್ಕಕ್ಕೆ ವಾಲುತ್ತದೆ.

"ಇದನ್ನ ಬಿಚ್ಬೇಕು."

"ತೂಕ ಸರಿಯಾಗಿದೆ ದೊಡ್ಡಮ್ಮ! ನಿಮ್ಮ ಕೈಲೇ ಬರೆದಿದೀರಿ!"

"ತೂಕ ಸರಿಯಾಗಿದೆ. ಚೀಲ ಸರಿಯಾಗಿಲ್ಲ. ನಾನು ಕಟ್ಟಿದ್ದು ಮೆತ್ತಗಿತ್ತು."

ಪೋರ್ಫಿರಿ ಗುಡ್ಡದ ಸೌಂದರ್ಯ ನೋಡುತ್ತಿದ್ದಾರೆ. ಅಗಾಫ್ಯಾ ದಾರ ಎಳೆದು, ಕಂಬಳಿಯ ಮಧ್ಯಕ್ಕೆ ಕೈ ಹಾಕಿ, ಬೀಡುಕಬ್ಬಿಣದ ಬಾಣಲೆಯನ್ನು ಹೊರಗೆಳೆಯುತ್ತಾರೆ. ಹತ್ತು ಬಟ್ಟೆಚೀಲ, ಹಗ್ಗ ಮತ್ತು ಟಾರ್ಪಾಲು ಶೆಡ್ಡಿನ ಹಿಂದೆ, ಕುರ್ಚಿಗಳ ಕೆಳಗೆ ಸಿಗುತ್ತವೆ. ಅಗಾಫ್ಯಾ ಒಳಗೆ ಕಾಫಿ ತರಲು ಹೋಗಿದ್ದಾಗ ಪೋರ್ಫಿರಿ ಇದೇ ಹಲಗೆಯ ಮೇಲೆ ಅದನ್ನೂ ಇದನ್ನೂ ತೂಗಿ ಅದಲುಬದಲು ಮಾಡಿದ್ದಾರೆ. ಮೆಕ್ಯಾನಿಕ್ ಆಗಿದ್ದವರು, ಅಳತೆಯಲ್ಲಿ ತಪ್ಪಲು ಹೇಗೆ ಸಾಧ್ಯ?

"ಅಣ್ಣಾ!" ಮತ್ರೋನಾಳ ಕೂಗಿಗೆ ಬಾತುಕೋಳಿಗಳು ಏಳುತ್ತವೆ. "ನನ್ನ ಚೀಲದಲ್ಲಿ! ನಾನು ಹೊರೋ ಚೀಲದಲ್ಲಿ!"

"ನಲವತ್ತು ವರ್ಷದಲ್ಲಿ ಒಂದು ದಿನಾನೂ ಮಾಂಸಕ್ಕೆ ಬಟ್ಟೆ ತೊಡಿಸಿಲ್ಲ," ಎನ್ನುತ್ತಾರೆ ಪೋರ್ಫಿರಿ, ಅಪರಾಧಿಯ ಗಾಂಭೀರ್ಯದಲ್ಲಿ. "ದೋಣೀಲಿ ಸೊಪ್ಪು ಹಾಸಿ ಹಾಕಿದ್ರೆ ಮಾರನೇ ದಿನ ಮನೇಲಿ ಇರತ್ತೆ."

"ದೋಣಿ ನೀವು ಹೇಳಿದಾಗ ಮನೆಗೆ ಬರತ್ತೆ, ಪೋರ್ಫಿರಣ್ಣ. ವಿಮಾನ ಮೋಡ ಹೇಳಿದಾಗ ಬರತ್ತೆ. ಅಲ್ಲೀವರೆಗೆ ಮಾಂಸ ಎಲ್ಲಿಡ್ತೀರಿ? ಬಾಣಲೇಲಾ?"

ಪೋರ್ಫಿರಿ ತಾವೇ ಬಗ್ಗಿ ಬಟ್ಟೆಚೀಲಗಳನ್ನು ಮಡಚಿ ಕೊಡುತ್ತಾರೆ. ಬಿಚ್ಚಿ ಕಟ್ಟಲು ಆರು ನಿಮಿಷ ಹಿಡಿಯುತ್ತದೆ. ವಿಮಾನ ನೀರು ಬಿಟ್ಟು ಏಳುವ ಹೊತ್ತಿಗೆ ಗುಡ್ಡದ ನೆತ್ತಿ ಇಲ್ಲ, ಕುತ್ತಿಗೆಯೂ ಅರ್ಧ ಹೋಗಿದೆ. ಅಗಾಫ್ಯಾ ವಿಮಾನ ಮರೆಯಾಗುವವರೆಗೂ ತೇಲುಗಾಲುಗಳ ಹಿಂಬದಿಯನ್ನೇ ನೋಡುತ್ತ ನಿಲ್ಲುತ್ತಾರೆ.

ಬಿರುಗಾಳಿ ಹೇಳಿದ ಹೊತ್ತಿಗೆ ಬರುತ್ತದೆ, ಹೇಳಿದಷ್ಟಕ್ಕೆ ಹೋಗುವುದಿಲ್ಲ. ಮೂರನೆಯ ದಿನ ಮತ್ರೋನಾಳ ಪುಟ್ಟ ಉಪಗ್ರಹ ಸಂದೇಶ ಯಂತ್ರದಿಂದ ಎರಡು ಪದ: "ಗಂಡು. ಬಿತ್ತು." ಗಂಡು ಮೂಸ್ ಸಿಕ್ಕಿದೆ, ತರಲು ವಿಮಾನ ಹೋಗಲಾರದು. ನಾಲ್ಕನೆಯ ದಿನ ಮಳೆ, ಐದನೆಯ ದಿನ ಮಳೆ. ಆರನೆಯ ದಿನ ಮಳೆ ನಿಂತು ಬಿಸಿಲು ಬಂದು ಗಾಳಿ ಮಾತ್ರ ಉಳಿಯುತ್ತದೆ. ಅಗಾಫ್ಯಾ ಅವರಿಗೆ ಮಳೆಗಿಂತ ಹೆಚ್ಚು ದಿಗಿಲು ಆ ಬಿಸಿಲಿನದು. ಬಿಸಿಲಿಗೆ ನೊಣ ಏಳುತ್ತವೆ. ಏಳು, ಎಂಟು. ದಿನಕ್ಕೆ ಹತ್ತು ಸಲ ಕಚೇರಿಯ ಬಾಗಿಲಿಗೆ ಬಂದು ಗುಡ್ಡ ನೋಡಿ ಒಳಗೆ ಹೋಗುತ್ತಾರೆ.

ಒಂಬತ್ತನೆಯ ದಿನ ಮಧ್ಯಾಹ್ನ ಡೆಲ್ಬರ್ಟ್ ಹೋಗಿ ಬರುತ್ತಾರೆ, ಪ್ರಯಾಣಿಕರಿಲ್ಲದೆ. "ಮೊದ್ಲು ಮಾಂಸ ತಗೊಂಡೋಗು, ನಾವು ಆಮೇಲೆ ಬರ್ತೀವಿ ಅಂದ್ರು. ಅಣ್ಣ ತಂಗಿ ಒಬ್ಬರಿಗೊಬ್ಬರು ಮಾತಾಡ್ತಾ ಇಲ್ಲ, ಅದೊಂದು ಬಿಟ್ರೆ ಚೆನ್ನಾಗಿದಾರೆ."

ಬಿಳಿಯ ಹತ್ತು ಚೀಲಗಳು ಜೆಟ್ಟಿಗೆ ಇಳಿಯುತ್ತವೆ. ಅಗಾಫ್ಯಾ ತೂಗುವ ಮೊದಲು ಒಂದೊಂದರ ಬಾಯಿ ಬಿಚ್ಚಿ ಮೂಗಿಟ್ಟು ನೋಡುತ್ತಾರೆ, ಬೆರಳಿನಿಂದ ಒತ್ತುತ್ತಾರೆ. ಆರು ದಿನ ಮರದಡಿ ಟಾರ್ಪಾಲಿನ ಕೆಳಗೆ ತೂಗಿದ ಮಾಂಸದ ಮೇಲೆ ತೆಳ್ಳನೆಯ ಒಣ ಪೊರೆ ಕಟ್ಟಿದೆ. ವಾಸನೆಯಿಲ್ಲ, ನೊಣದ ಮೊಟ್ಟೆಯಿಲ್ಲ. ಹತ್ತನೆಯ ಚೀಲದ ಬಾಯಿ ಕಟ್ಟಿದ ಮೇಲೆ ಅವರು ಟೋಪಿ ತೆಗೆದು ಹಣೆ ಒರೆಸಿಕೊಳ್ಳುತ್ತಾರೆ. ಐನೂರ ಮೂವತ್ತೇಳು ಪೌಂಡು. ಒಂಬತ್ತು ಜನರ ಚಳಿಗಾಲ.

ಎರಡನೇ ಸುತ್ತಿನಲ್ಲಿ ಅಣ್ಣ ತಂಗಿ ಬಂದಿಳಿಯುತ್ತಾರೆ. ಮತ್ರೋನಾ ಬಂದವಳೇ ಅಗಾಫ್ಯಾರನ್ನು ತಬ್ಬಿಕೊಂಡು ಬಿಡುವುದಿಲ್ಲ. ಪೋರ್ಫಿರಿ ಪಕ್ಕದಲ್ಲಿ ಗಡ್ಡ ಕೆರೆದುಕೊಳ್ಳುತ್ತ ನಿಂತು, ಕೊನೆಗೆ, "ಆ ಬಟ್ಟೆಚೀಲ... ಮುಂದಿನ ವರ್ಷ ದೋಣಿಗೂ ಒಂದು ಹತ್ತು ಹೊಲಿದು ಕೊಡ್ತೀಯಾ?" ಎನ್ನುತ್ತಾರೆ.

"ಕೊಡ್ತೀನಿ. ತೂಕದ ಭಯ ಇಲ್ಲದ ದೋಣಿ, ಹದಿನೈದು ಹಾಕ್ತೀನಿ."

ಅವರು ಹೋದ ಮೇಲೆ ಅಗಾಫ್ಯಾ ಹಲಗೆಯ ಮೇಲಿನ ರಕ್ತದ ಕಲೆಗೆ ನೀರು ಸುರಿದು ಉಜ್ಜುತ್ತಾರೆ. ಇಪ್ಪತ್ತೇಳು ವರ್ಷದಲ್ಲಿ ಈ ಜೆಟ್ಟಿಯಿಂದ ಎಷ್ಟು ಜನ ಹೋಗಿರಬಹುದು ಎಂದು ಕೇಳುತ್ತೇನೆ. "ಹೋದವರೆಲ್ಲ ಇಲ್ಲೇ ಬಂದು ಇಳಿದಿದಾರೆ," ಎನ್ನುತ್ತಾರೆ.

ಇನ್ನೇನಾದರೂ ಆಸೆ ಇದೆಯೇ?

ಬ್ರಷ್ಷು ನಿಲ್ಲಿಸುತ್ತಾರೆ. "ಒಂದು ಸೀಸನ್ನಿನಲ್ಲಿ ಒಬ್ಬರಾದ್ರೂ ಚೀಲ ಸರಿಯಾಗಿ ಕಟ್ಕೊಂಡು ಬರಲಿ ಅಂತ. ಅವತ್ತು ನಾನು ಕೂತು, ಬಿಸಿ ಇರೋವಾಗ್ಲೇ ಒಂದು ಕಾಫಿ ಕುಡೀಬೇಕು."

ಮತ್ತೆ ಬಗ್ಗಿ ಉಜ್ಜತೊಡಗುತ್ತಾರೆ.

"ಕುಡಿದ್ಮೇಲೆ ಬಿಚ್ಚಿ ನೋಡ್ತೀನಿ, ಅದು ಬೇರೆ."