ಹಿಂದವಾಡಿಯ ಕಿವಿ ಮಶೀನು

ಬೆಳಗಾವಿಗೆ ಬಂದ ಮೊದಲ ತಿಂಗಳಲ್ಲೇ ನನಗೊಂದು ಅನುಮಾನ ಶುರುವಾಯಿತು: ಈ ಊರಿನವರು ಯಾಕೆ ಹೀಗೆ ಕಿರುಚುತ್ತಾರೆ? ಹಿಂದವಾಡಿಯ ನಮ್ಮ ಗಲ್ಲಿಯಲ್ಲಿ ಹಾಲು ಹಾಕುವವರಿಂದ ಹಿಡಿದು ಎದುರು ಮನೆಯ ನಿವೃತ್ತ ಮಾಸ್ತರರವರೆಗೆ ಎಲ್ಲರೂ ನನ್ನ ಹತ್ತಿರಕ್ಕೇ ಬಂದು, ಕೆರೆಯ ಆಚೆ ದಡದವರನ್ನು ಕರೆಯುವ ಹಾಗೆ ಮಾತಾಡುತ್ತಿದ್ದರು. ಕಸದ ಗಾಡಿ ಬಂದಿದೆ ಎಂದು ಹೇಳುವುದಕ್ಕೆ ಎರಡೂ ಕೈ ಆಡಿಸಿ ಗಾಡಿ ಓಡಿಸಿ ತೋರಿಸುತ್ತಿದ್ದರು. ಇಲ್ಲಿನ ಜನ ಒಳ್ಳೆಯವರು, ಆದರೆ ಗಂಟಲು ಸ್ವಲ್ಪ ಜಾಸ್ತಿ ಎಂದು ಕೊಳ್ಳೇಗಾಲದ ಗೆಳತಿಯರಿಗೆ ಬರೆದೆ. ಮಳೆ ಜಾಸ್ತಿ, ಹಂಚಿನ ಮೇಲೆ ಸದ್ದು ಜಾಸ್ತಿ, ಅದಕ್ಕೇ ದನಿಯೂ ಜಾಸ್ತಿ ಎಂಬ ಸಿದ್ಧಾಂತವನ್ನೂ ಕಟ್ಟಿ ಕಳಿಸಿದೆ. ಖಾನಾಪುರದ ನನ್ನ ಆಫೀಸಿನಲ್ಲಿ ಇದಕ್ಕಿಂತ ದೊಡ್ಡ ಮಳೆ ಬೀಳುತ್ತಿತ್ತು, ಆದರೆ ಅಲ್ಲಿ ಯಾರೂ ಕಿರುಚುತ್ತಿರಲಿಲ್ಲ. ಅದನ್ನು ಗಮನಿಸಿದ್ದರೂ ಸಿದ್ಧಾಂತ ಬಿಟ್ಟುಕೊಡಲಿಲ್ಲ. ನನ್ನ ಜಾಯಮಾನವೇ ಹಾಗೆ.

ನನ್ನ ಕೆಲಸ ಖಾನಾಪುರದಲ್ಲಿ, ಜಮೀನಿನ ಕಾಗದಪತ್ರಗಳ ಕಚೇರಿಯಲ್ಲಿ. ವರ್ಗಾವಣೆ ನಾನೇ ಕೇಳಿ ಪಡೆದದ್ದು. ಮನೆ ಮಾಡಿದ್ದು ಬೆಳಗಾವಿಯಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ನಮ್ಮ ಕಡೆ ಪಹಣಿ ಎನ್ನುವುದಕ್ಕೆ ಇಲ್ಲಿ ಉತಾರ ಎನ್ನುತ್ತಾರೆ. ಉತಾರ ಕೇಳಲು ಬಂದ ಅಜ್ಜ ಕನ್ನಡದಲ್ಲಿ ಶುರು ಮಾಡಿ, ಮರಾಠಿಯಲ್ಲಿ ಮುಂದುವರಿಸಿ, ಕೊನೆಗೆ ಎರಡೂ ಸಾಲದೆ ಸುಮ್ಮನೆ ನನ್ನ ಮುಖ ನೋಡುತ್ತಿದ್ದ. ನಾನು ಏನು, ಏನು ಎಂದು ಕೇಳಿ ಕೇಳಿ ಸಾಕಾಗಿ ಹೋಗುತ್ತಿದ್ದೆ. ಅದೇ ಅಭ್ಯಾಸ ಗಲ್ಲಿಗೂ ಬಂತು. ಯಾರು ಏನೇ ಹೇಳಲಿ, ನನ್ನ ಬಾಯಿಂದ ಮೊದಲು ಬರುತ್ತಿದ್ದದ್ದು ‘ಏನು, ಇನ್ನೊಂದು ಸಲ ಹೇಳಿ’ ಎಂಬ ಮಾತು. ಊಟದ ವಿಷಯ ಹೇಳುವುದಾದರೆ, ಮುದ್ದೆ ನುಂಗುವ ಗಂಟಲಿಗೆ ರೊಟ್ಟಿ ಅಗಿಯುವುದು ಕಲಿಸಲು ಮೂರು ತಿಂಗಳು ಹಿಡಿಯಿತು. ಉಪ್ಪುಸಾರಿನ ನೆನಪಾದ ದಿನ ಮಾತ್ರ ಏನು ತಿಂದರೂ ಹೊಟ್ಟೆ ತುಂಬುತ್ತಿರಲಿಲ್ಲ.

ಒಂಟಿತನಕ್ಕೆ ನನ್ನ ಹತ್ತಿರ ಒಂದು ಔಷಧಿ ಇತ್ತು. ಮೊದಲ ಸಂಬಳದಲ್ಲಿ ಕೊಂಡ, ಬೆಂಕಿಪೊಟ್ಟಣದಷ್ಟು ದಪ್ಪದ, ಗುಂಡಿ ಒತ್ತುವ ಹಾಡಿನ ಪ್ಲೇಯರ್. ಅಪ್ಪನ ಕ್ಯಾಸೆಟ್ಟುಗಳನ್ನೆಲ್ಲ ನಾನೇ ಕೂತು ಕಂಪ್ಯೂಟರಿಗೆ ಇಳಿಸಿ, ಒಂದೊಂದಕ್ಕೂ ಹೆಸರು ಕೊಟ್ಟು, ಅದರಲ್ಲಿ ತುಂಬಿದ್ದೇನೆ. ಫೋನಿನಲ್ಲೇ ಕೇಳಬಹುದಲ್ಲ ಎಂದು ಬುದ್ಧಿ ಹೇಳುವವರಿದ್ದಾರೆ. ಫೋನಿನಲ್ಲಿ ಪಲ್ಲವಿ ಮುಗಿಯುವ ಮೊದಲೇ ಆಫೀಸಿನ ಗ್ರೂಪಿನವರು ಶುಭೋದಯ ಎಂದು ಅದರ ಕತ್ತು ಹಿಸುಕುತ್ತಾರೆ. ವಾಯರ್ ಇಲ್ಲದ ಇಯರ್‌ಫೋನೂ ನನಗೆ ಆಗದು. ಹೀಗಾಗಿ ಬೆಳಿಗ್ಗೆ ಬಾಗಿಲು ಹಾಕುವಾಗ ಪ್ಲೇಯರ್ ಕುರ್ತಾದ ಜೇಬಿಗೆ, ವಾಯರ್ ಎರಡೂ ಕಿವಿಗೆ. ಸಂಜೆ ಬಾಗಿಲು ತೆಗೆಯುವವರೆಗೂ, ಆಫೀಸಿನ ಹೊತ್ತು ಬಿಟ್ಟರೆ, ಅದು ಅಲ್ಲೇ.

ಇನ್ನೊಂದು ಹುಚ್ಚು ಭಾನುವಾರದ್ದು. ಹಿಂದಿನ ಕೋಣೆಯಲ್ಲಿ ಒಂದು ಸಣ್ಣ ಮೈಕು, ಲ್ಯಾಪ್‌ಟಾಪು, ಕಿವಿ ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನು ಇಟ್ಟುಕೊಂಡು ನನ್ನ ಹಾಡನ್ನು ನಾನೇ ರೆಕಾರ್ಡ್ ಮಾಡುತ್ತೇನೆ. ಗೋಡೆಯಿಂದ ದನಿ ಮಾರ್ದನಿಸದಿರಲಿ ಎಂದು ಸಂತೆಯಲ್ಲಿ ಎರಡು ಕೌದಿ ಕೊಂಡು ತಂದು ನೇತುಹಾಕಿದೆ. ಹಳೆ ಸೀರೆಗಳನ್ನು ಒಂದರ ಮೇಲೊಂದು ಹೊಲಿದ ಇಲ್ಲಿನ ಹೊದಿಕೆ ಅದು. ಮೊದಲು ಒಂದು ದನಿಯಲ್ಲಿ ಹಾಡುವುದು, ಆಮೇಲೆ ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಎರಡನೇ ದನಿ ಸೇರಿಸುವುದು, ಅದರ ಮೇಲೆ ಮೂರನೆಯದು. ನನ್ನ ಜೊತೆ ಹಾಡುವುದಕ್ಕೆ ನಾನು ಬಿಟ್ಟರೆ ಯಾರೂ ಇರಲಿಲ್ಲ. ಮುಗಿದ ಹಾಡನ್ನು ಕೇಳಿದಾಗ ಮನೆಯಲ್ಲಿ ಮೂವರು ಇದ್ದಂತೆ ಅನ್ನಿಸುತ್ತಿತ್ತು. ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಮೊದಲಿಗಿಂತ ಹೆಚ್ಚು ಖಾಲಿಯಾಗುತ್ತಿತ್ತು.

ಪಕ್ಕದ ಮನೆಯಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ಒಬ್ಬರೇ ಇದ್ದರು. ಇಡೀ ಗಲ್ಲಿಗೆ ಅವರು ಕಾಕು, ನಮ್ಮ ಮಾತಿನಲ್ಲಿ ಚಿಕ್ಕಮ್ಮ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಅಂಗಳ ಗುಡಿಸುತ್ತಿದ್ದರು. ಮಗ ಗೋವಾದ ಹೋಟೆಲಿನಲ್ಲಿ ಕೆಲಸ ಮಾಡುತ್ತಾನೆ ಎಂದು ಯಾರೋ ಹೇಳಿದ್ದರು. ನಮ್ಮಿಬ್ಬರ ಹಿತ್ತಲು ಒಂದೇ. ನನ್ನ ರೆಕಾರ್ಡಿಂಗ್ ಕೋಣೆಯ ಕಿಟಕಿಯ ಕೆಳಗೆ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ಒಂದು ಕಟ್ಟೆ. ಕಾಕು ನನ್ನನ್ನು ನೋಡಿ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನಮ್ಮ ಊರಿನಲ್ಲಾದರೆ ಇಷ್ಟು ಹೊತ್ತಿಗೆ ಪಕ್ಕದ ಮನೆಯವರು ನನ್ನ ಜಾತಕವನ್ನೇ ಬಿಚ್ಚಿಸಿರುತ್ತಿದ್ದರು, ಇಲ್ಲಿ ಯಾರೂ ಮಾತಿಗೇ ಕರೆಯುವುದಿಲ್ಲವಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು.

ಎಂಟು ತಿಂಗಳ ಮೇಲೆ ಒಂದು ಭಾನುವಾರ, ಹಳೆಯ ಹಾಡೊಂದರ ಗೊರಗೊರ ಸದ್ದು ತೆಗೆಯಲು ಕೂತೆ. ಅದಕ್ಕೊಂದು ಕ್ರಮವಿದೆ. ಹಾಡಿನ ನಡುವೆ ನಾವು ಸುಮ್ಮನಿದ್ದ ಜಾಗವನ್ನು ಆರಿಸಿ, ತೆಗೆಯಬೇಕಾದ ಸದ್ದು ಇದು ಎಂದು ಕಂಪ್ಯೂಟರಿಗೆ ತೋರಿಸಬೇಕು. ನಾನು ಅಂಥ ಒಂದು ಖಾಲಿ ಜಾಗವನ್ನು ಆರಿಸಿ, ಸದ್ದು ಸ್ಪಷ್ಟವಾಗಲಿ ಎಂದು ದನಿ ಪೂರ್ತಿ ಏರಿಸಿದೆ. ಫ್ಯಾನು, ದೂರದ ಆಟೋ, ಅದರ ಹಿಂದೆ ತೆಳ್ಳಗೆ ಒಂದು ಹೆಣ್ಣು ದನಿ.

“ತಂಗಿ, ಬಾಗಲಾ ತಗಿ ಯವ್ವಾ. ರೊಟ್ಟಿ ತಂದೇನಿ, ಬಿಸಿ ಅದಾವು.”

ಕಾಕುವಿನ ದನಿ. ಅದು ಹಿಂದಿನ ಜೂನ್ ತಿಂಗಳ ಫೈಲು. ನನ್ನ ಕಿವಿಯನ್ನು ಹೆಡ್‌ಫೋನು ಮುಚ್ಚಿತ್ತು, ಮೈಕಿನ ಕಿವಿಯನ್ನು ಯಾರೂ ಮುಚ್ಚಿರಲಿಲ್ಲ. ಆವತ್ತು ನಾನು ಬೇರೆ ಕೆಲಸ ಬಿಟ್ಟು ಎಲ್ಲ ಫೈಲುಗಳ ಖಾಲಿ ಜಾಗಗಳನ್ನೇ ಕೇಳುತ್ತಾ ಹೋದೆ. ಮೊದಲ ಎರಡು ಭಾನುವಾರ ಕಾಕು ಕರೆದಿದ್ದಾರೆ, ಬಾಗಿಲು ಬಡಿದಿದ್ದಾರೆ, ಕಾದಿದ್ದಾರೆ. ಬಾಗಿಲಲ್ಲಿ ಆಗಾಗ ಮುಚ್ಚಿಟ್ಟ ತಟ್ಟೆ ಸಿಗುತ್ತಿದ್ದದ್ದು ನೆನಪಾಯಿತು. ಯಾರದೋ ಏನೋ ಎಂದು ತೊಳೆದು ಕಟ್ಟೆಯ ಮೇಲಿಟ್ಟು ಬರುತ್ತಿದ್ದೆ. ಮೂರನೇ ಭಾನುವಾರ ಕಾಕು ಇನ್ಯಾರಿಗೋ ಹೇಳುತ್ತಿದ್ದರು: “ಒದರಬ್ಯಾಡ ಬಿಡ, ಆಕಿಗೆ ಕೇಳಂಗಿಲ್ಲ. ಕಿವಿ ಮಶೀನ ಹಾಕ್ಕೊಂಡಾಳ, ನೋಡಿಲ್ಲೇನ? ನಮ್ಮತ್ತಿಗೂ ಹಿಂಗ ವಾಯರಿಂದು ಇತ್ತು.”

ಜೇಬಿನ ಪ್ಲೇಯರು, ಕುತ್ತಿಗೆಯ ಮೇಲಿನ ವಾಯರು, ಮಾತಿಗೊಮ್ಮೆ ‘ಏನು’. ಗಲ್ಲಿಯವರ ತಪ್ಪೇನೂ ಇಲ್ಲ. ಎರಡನೇ ದನಿ ಸೇರಿಸುವಾಗ ಹೊರಗಿನವರಿಗೆ ಕೇಳಿಸುವುದು ಅರ್ಧ ಸಾಲು, ಆಮೇಲೆ ಮೌನ, ಮತ್ತೆ ಅದೇ ಅರ್ಧ ಸಾಲು. ಕಿವಿ ಕಳೆದುಕೊಂಡ ಹಾಡುಗಾರ್ತಿ, ನೆನಪಿದ್ದಷ್ಟು ಹಾಡಿ ನಿಲ್ಲಿಸುತ್ತಾಳೆ ಎಂದುಕೊಂಡಿದ್ದರು. ಮೊದಲು ಜೋರಾಗಿ ನಕ್ಕೆ. ಎಂಟು ತಿಂಗಳು ನಾನು ಯಾರೂ ಕರೆಯಲಿಲ್ಲ ಎಂದು ಅತ್ತ ಭಾನುವಾರಗಳಲ್ಲೇ ನನ್ನನ್ನು ಕರೆದಿದ್ದರು ಎಂದು ಹೊಳೆದಾಗ ನಗು ನಿಂತಿತು.

ಆಮೇಲಿನ ಫೈಲುಗಳಲ್ಲಿ ಕಾಕು ಕರೆಯುವುದನ್ನು ಬಿಟ್ಟಿದ್ದರು. ಕಟ್ಟೆಯ ಮೇಲೆ ಕೂತು, ನಾನು ಹಾಡು ನಿಲ್ಲಿಸಿದಾಗಲೆಲ್ಲ, ಪಕ್ಕದಲ್ಲಿ ಕೂತವರಿಗೆ ಹೇಳುವಂತೆ ಮೆಲ್ಲಗೆ ಮಾತಾಡುತ್ತಿದ್ದರು. ಸೊಂಟ ನೋವು, ಹೆಣ್ಣುಮಕ್ಕಳ ಮನೆ, ಅಕ್ಕಿಯ ಹುಳ. ಡಿಸೆಂಬರಿನ ಒಂದು ಮಧ್ಯಾಹ್ನ ಹೀಗೆ ಹೇಳಿದ್ದರು:

“ನನ್ನ ಮಗಾ ಗೋವಾದಾಗ ಇಲ್ಲ ತಂಗಿ, ಹಿಂಡಲಗಾದಾಗ ಅದಾನ. ಯಾರ ಮುಂದೂ ಅಂದಿಲ್ಲ. ನಿನಗ ಕೇಳಂಗಿಲ್ಲಂತ ಹೇಳಾಕತ್ತೇನಿ.”

ಬೆಳಗಾವಿಯಲ್ಲಿ ಹಿಂಡಲಗಾದಲ್ಲಿದ್ದಾನೆ ಎಂದರೆ ಜೈಲಿನಲ್ಲಿದ್ದಾನೆ ಎಂದೇ ಅರ್ಥ. ಉಳಿದದ್ದನ್ನೂ ಅವರೇ ಹೇಳಿದ್ದರು: ಮದುವೆಯ ಮೆರವಣಿಗೆಯೊಂದರಲ್ಲಿ ಗೆಳೆಯರ ನಡುವೆ ಹೊಡೆದಾಟವಾಗಿ ಒಬ್ಬ ಸತ್ತಿದ್ದ. ಅದು ಅವರು ಮೊದಲಿದ್ದ ಊರಿನ ಮಾತು. ಯಾರಿಗೂ ಗುರುತಿಲ್ಲದ ಗಲ್ಲಿ ಹುಡುಕಿಕೊಂಡು ಕಾಕು ಹಿಂದವಾಡಿಗೆ ಬಂದಿದ್ದರು.

ನಾನು ಅಂದೇ ಹೋಗಿ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಮುಂದಿನ ಮೂರು ಭಾನುವಾರ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಹೆಡ್‌ಫೋನು ಪಕ್ಕಕ್ಕಿಟ್ಟು, ಮೈಕು ಬಂದ್ ಮಾಡಿ, ಕಿಟಕಿಯ ಬಳಿ ಕೂತು ಸುಮ್ಮನೆ ಅರ್ಧ ಸಾಲು ಹಾಡಿ ನಿಲ್ಲಿಸುತ್ತಿದ್ದೆ. ನಿಲ್ಲಿಸಿದ ಕೂಡಲೇ ಕಾಕು ಮಾತು ಶುರು ಮಾಡುತ್ತಿದ್ದರು. ಅದು ಕಳ್ಳತನ ಎಂದು ನನಗೆ ಗೊತ್ತಿತ್ತು. ಆದರೆ ಆ ಊರಿನಲ್ಲಿ ನನ್ನನ್ನು ತಂಗಿ ಎಂದು ಕರೆದು ಮೆಲುದನಿಯಲ್ಲಿ ಮಾತಾಡುತ್ತಿದ್ದವರು ಅವರೊಬ್ಬರೇ. ನಾನು ಕೇಳುತ್ತೇನೆ ಎಂದು ಗೊತ್ತಾದರೆ ಆ ಮಾತು ನಿಂತುಹೋಗುತ್ತದೆ ಎಂಬ ಹೆದರಿಕೆ ನನ್ನನ್ನು ಕಟ್ಟಿಹಾಕಿತ್ತು.

ಮೂರನೇ ಭಾನುವಾರ ಕಾಕು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ಹಾಡು ನಿಲ್ಲಿಸಿದೆ.

“ಹದಿನೈದ ದಿನದಾಗ ಬಿಡ್ತಾರಂತ ತಂಗಿ. ಸೀದಾ ಗೋವಾಕ್ಕ ಹೋಗಪಾ ಅಂತ ಹೇಳಲ್ಯಾ, ಇಲ್ಲಿಗೆ ಕರಕೊಂಡ ಬರಲ್ಯಾ? ಮಂದಿ ಏನಂತಾರೋ ಏನೋ. ನೀನರ ಹೇಳು.”

ಅವರಿಗೆ ಉತ್ತರ ಬೇಕಿರಲಿಲ್ಲ. ನಾನು ಮುಂದಿನ ಸಾಲು ಹಾಡಿದ್ದರೆ ಎಲ್ಲ ಹಾಗೇ ಮುಂದುವರಿಯುತ್ತಿತ್ತು. ಹಾಡಲು ಆಗಲಿಲ್ಲ.

“ಮನೆಗೇ ಕರ್ಕೊಂಡು ಬನ್ನಿ ಕಾಕು,” ಎಂದೆ.

ಹೊರಗೆ ಬೆಳ್ಳುಳ್ಳಿಯ ಮೊರ ಕೆಳಗೆ ಬಿದ್ದ ಸದ್ದು. ಆಮೇಲೆ ಅವರ ಹಿಂಬಾಗಿಲು ಹಾಕಿಕೊಂಡಿತು.

ಆರು ದಿನ ಕಾಕು ನನ್ನ ಮುಖ ನೋಡಲಿಲ್ಲ. ನನ್ನನ್ನು ಕಂಡರೆ ಪೊರಕೆ ಅಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದರು. ಆ ಆರು ದಿನ ಪ್ಲೇಯರ್ ಕಿವಿಗೆ ಹಾಕಿಕೊಳ್ಳಲು ನನಗೂ ಮನಸ್ಸಾಗಲಿಲ್ಲ. ಖಾನಾಪುರದ ಬಸ್ಸಿನಲ್ಲಿ ಮೊದಲ ಸಲ ಕಂಡಕ್ಟರನ ಮಾತು, ಮಕ್ಕಳ ಮರಾಠಿ, ಕಿಟಕಿ ಗಾಜಿನ ಗಡಗಡ ಎಲ್ಲ ಕೇಳುತ್ತಾ ಹೋದೆ. ಬಂದ ಹೊಸದರಲ್ಲೂ ನಾನು ಇಷ್ಟು ಒಂಟಿಯಾಗಿರಲಿಲ್ಲ.

ಏಳನೇ ದಿನ ಬೆಳಿಗ್ಗೆ ಕಾಕು ನೇರ ಒಳಗೆ ಬಂದು, ನೇತುಹಾಕಿದ ಕೌದಿಗಳನ್ನು ಒಮ್ಮೆ ನೋಡಿ, ಚಾಪೆಯ ಮೇಲೆ ಕೂತರು. ನಿನಗೆ ಯಾವಾಗಿನಿಂದ ಕೇಳಿಸುತ್ತದೆ ಎಂದು ವಿಚಾರಿಸಿದರು. ಹುಟ್ಟಿದಾಗಿನಿಂದ ಎಂದೆ. ಅವರು ನಗಲಿಲ್ಲ. ನಾನು ಪ್ಲೇಯರಿನಿಂದ ಹಿಡಿದು ಮೂರು ಭಾನುವಾರದ ಕಳ್ಳತನದವರೆಗೆ ಎಲ್ಲ ಒಪ್ಪಿಸಿದೆ. ತಮ್ಮ ಮಾತು ಆ ಪೆಟ್ಟಿಗೆಯೊಳಗೆ ಇದೆಯೇ ಎಂದು ಕೇಳಿದರು. ಹೆಡ್‌ಫೋನು ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿ, ಅಳಿಸು ಎಂದರು. ಖಾಲಿ ಜಾಗದ ಮಾತನ್ನು ಕತ್ತರಿಸಬಹುದಿತ್ತು, ಹಾಡಿನೊಳಗೂ ಬೆರೆತದ್ದನ್ನು ಬೇರೆ ಮಾಡುವ ವಿದ್ಯೆ ನನಗೆ ಗೊತ್ತಿಲ್ಲ. ಎಂಟು ತಿಂಗಳ ಹಾಡುಗಳನ್ನು ಅವರ ಎದುರೇ ಅಳಿಸಿದೆ. ಕಾಕು ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಅಲ್ಲಾಡಲಿಲ್ಲ.

“ನಂದೆಲ್ಲಾ ಕೇಳ್ದಿ. ಈಗ ನಿಂದ ಹೇಳು.”

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಆಮೇಲೆ ಹೇಳಿದೆ. ನನ್ನ ಗಂಡ ಮೈಸೂರಿನಲ್ಲಿ ಬೇರೆಯವರ ಜೊತೆ ಸಂಸಾರ ಮಾಡುತ್ತಿದ್ದಾರೆ. ಎಷ್ಟು ದೂರ ಸಿಗುತ್ತದೋ ಅಷ್ಟು ದೂರಕ್ಕೆ ವರ್ಗಾವಣೆ ಕೇಳಿ ನಾನು ಇಲ್ಲಿಗೆ ಬಂದೆ. ಗಂಡನಿಗೂ ಬೆಳಗಾವಿಯಲ್ಲೇ ಕೆಲಸ, ಇಬ್ಬರೂ ಅಲ್ಲೇ ಇದ್ದಾರೆ ಎಂದು ಅಮ್ಮ ಕೊಳ್ಳೇಗಾಲದಲ್ಲಿ ಹೇಳಿಕೊಂಡು ಬಂದಿದ್ದಾರೆ. ಹಬ್ಬಕ್ಕೆ ಹೋದಾಗ ಗಂಡನಿಗೆ ರಜೆ ಸಿಗಲಿಲ್ಲ ಎಂದು ನಾನೂ ಹೇಳುತ್ತೇನೆ.

ಕಾಕು ನನ್ನ ಕೈ ಹಿಡಿದುಕೊಳ್ಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

“ಮಗನ್ನ ಮನಿಗೆ ಕರಕೊಂಡ ಬರ್ರಿ ಅಂತ ನನಗ ಹೇಳ್ದಿ. ಮತ್ತ ನೀ ನಿಮ್ಮೂರಿಗೆ ಏನ್ ಹೇಳಾಕಿ?”

ಮುಂದಿನ ವಾರ ಅವರು ಮಗನನ್ನು ಕರೆತಂದರು. ಆಟೋ ಮನೆ ಬಾಗಿಲವರೆಗೆ ಬರುತ್ತಿತ್ತು. ಕಾಕು ಮುಖ್ಯ ರಸ್ತೆಯಲ್ಲೇ ಇಳಿದು, ಅವನ ಚೀಲ ತಾವು ಹೊತ್ತು, ಗಲ್ಲಿಯುದ್ದಕ್ಕೂ ನಡೆಸಿಕೊಂಡು ಬಂದರು. ಕೇಳಿದವರಿಗೂ ಕೇಳದವರಿಗೂ ನನ್ನ ಮಗ, ಹಿಂಡಲಗಾದಿಂದ ಬಂದಿದ್ದಾನೆ ಎಂದು ಹೇಳಿದರು. ಎರಡು ಬಾಗಿಲು ಮುಚ್ಚಿದವು. ಎದುರು ಮನೆಯ ಮಾಸ್ತರರು ಹೊರಗೆ ಬಂದು, ಬಾರಪ್ಪಾ ಎಂದರು. ಅವನು ತಲೆ ಎತ್ತಲಿಲ್ಲ. ನಾನು ಬ್ಯಾಗು ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆ. ಖಾನಾಪುರದ ಬಸ್ಸು ತಪ್ಪಿತು.

ಅದಾಗಿ ಆರು ತಿಂಗಳು. ಕಾಕುವಿನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಕೊಳ್ಳೇಗಾಲದವರು ಓದುತ್ತೀರಿ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನನ್ನ ಗಂಡ ಬೆಳಗಾವಿಯಲ್ಲಿಲ್ಲ, ಎಂದೂ ಇರಲಿಲ್ಲ. ಕೊಳ್ಳೇಗಾಲಕ್ಕೆ ನನ್ನ ಬಗ್ಗೆ ಹುಟ್ಟಿದಾಗಿನಿಂದ ಎಲ್ಲ ಗೊತ್ತು, ಇದೊಂದು ಬಿಟ್ಟು. ಬೆಳಗಾವಿಯಲ್ಲಿ ಒಂದು ಮನೆಗೆ ಇದೊಂದೇ ಗೊತ್ತು, ಉಳಿದದ್ದೇನೂ ಗೊತ್ತಿಲ್ಲ. ಎರಡರಲ್ಲಿ ನನ್ನ ಊರು ಯಾವುದೆಂದು ಯಾರಾದರೂ ಕೇಳಿದರೆ ನಾನು ತಡವರಿಸುತ್ತೇನೆ.

ಪತ್ರಿಕೆಗೆ ಕಳಿಸುವ ಮೊದಲು ಅಮ್ಮನಿಗೆ ಫೋನಿನಲ್ಲಿ ಇಷ್ಟನ್ನು ಓದಿ ಹೇಳಿದೆ. ದೀಪಾವಳಿಗೆ ಬರುತ್ತೇನೆ, ರಜೆಯ ಕತೆ ಈ ಸಲ ಹೇಳುವುದಿಲ್ಲ ಎಂದೆ. ಹಬ್ಬ ಕಳೆದ ಮೇಲೆ ಬಾ, ನೆಂಟರೆಲ್ಲ ಹೊರಟುಹೋಗಿರುತ್ತಾರೆ ಎಂದರು ಅಮ್ಮ. ಹಬ್ಬದ ದಿನವೇ ಬರುತ್ತೇನೆ ಎಂದೆ. ಅಮ್ಮ ಫೋನ್ ಇಡಲಿಲ್ಲ. ಅವರ ಉಸಿರು, ಅದರ ಹಿಂದೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ನಾನೂ ಫೋನ್ ಇಡದೆ ಕೇಳುತ್ತಾ ಕೂತೆ.