ಎಕ್ಸ್‌ರೇ ಅಕ್ಕನ ಎರಡು ಪರದೆಗಳು

ಫಿಲಂ ತೊಳೆಯುವ ದ್ರಾವಣದಲ್ಲಿ ವರ್ಷಗಟ್ಟಲೆ ಅದ್ದಿ ತೆಗೆದ ಅವರ ಬೆರಳ ತುದಿಗಳು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದವು. ಗುಂಡ್ಲುಪೇಟೆಯ ಆ ಖಾಸಗಿ ಆಸ್ಪತ್ರೆಯಲ್ಲಿ ಎಲ್ಲರಿಗೂ ಅವರು ಎಕ್ಸ್‌ರೇ ಅಕ್ಕ. ರೋಗಿಯನ್ನು ಮುಟ್ಟುವ ಮುನ್ನ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವರು. "ನೋವಿರೋ ಮೈಗೆ ತಣ್ಣನೆ ಕೈ ತಾಕ್ಬಾರ್ದು ಕಣಪ್ಪ" ಎನ್ನುವರು.

ನಾನು ಅದೇ ಆಸ್ಪತ್ರೆಯ ಚಾಮರಾಜನಗರದ ಮುಖ್ಯ ಶಾಖೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳಲು ಹೊಸದಾಗಿ ಸೇರಿದ್ದೆ. ಎರಡು ಸಾವಿರದ ಮೊದಲ ದಶಕ ಮುಗಿಯುತ್ತಿತ್ತು. ಫಿಲಂ ಹೋಗಿ, ಚಿತ್ರಗಳೆಲ್ಲ ನಮ್ಮ ಸರ್ವರ್‌ನೊಳಗಿನ ವರ್ಚುವಲ್ ಮಷೀನ್ ಎಂಬ ತೋರಿಕೆಯ ಕಂಪ್ಯೂಟರಿಗೆ ಬಂದು ಸೇರುತ್ತಿದ್ದವು. ಅಕ್ಕ ಗುಂಡ್ಲುಪೇಟೆಯಲ್ಲಿ ಕೂತು ರಿಮೋಟ್ ಡೆಸ್ಕ್‌ಟಾಪ್ ಮೂಲಕ ದೂರದಿಂದಲೇ ಅವನ್ನು ತೆರೆಯುತ್ತಿದ್ದರು. ಎದುರಿಗೆ ಎರಡು ಮಾನಿಟರ್. ರೋಗಿಯ ಹಳೆಯ ಚಿತ್ರ ಎಡಕ್ಕೆ, ಹೊಸದು ಬಲಕ್ಕೆ ತಾನಾಗಿಯೇ ಬರುತ್ತಿತ್ತು. ಅಲ್ಲಿನ ಡಾಕ್ಟರ ಕಣ್ಣಿಗೂ ಅದೇ ಅಭ್ಯಾಸವಾಗಿತ್ತು.

ಒಂದು ಸೋಮವಾರ ಅಲ್ಲಿಗೆ ಹೋಗಿ ಕೆಟ್ಟ ಮಾನಿಟರ್ ಬದಲಿಸಿ ಬಂದೆ. ಮರುದಿನ ಬೆಳಿಗ್ಗೆಯೇ ಅಕ್ಕನ ಫೋನು.

"ಪರದೆ ಎರಡೂ ಅದಲುಬದಲು ಆಗವೆ ಕಣಪ್ಪ. ಮೌಸಿನ ಬಾಣನ ಬಲಕ್ಕೆ ತಳ್ಳುದ್ರೆ ಎಡಗಡೆಯಿಂದ ಬತ್ತದ."

ನನ್ನ ಕಡೆಯಿಂದ ನೋಡಿದೆ. ಎಲ್ಲ ಸರಿಯಾಗಿಯೇ ಕಂಡಿತು. "ಲಾಗೌಟ್ ಆಗಿ ಮತ್ತೆ ಒಳಗೆ ಹೋಗಿ" ಎಂದೆ.

"ಮೂರು ಸಲ ಮಾಡ್ದೆ. ತಪ್ಪು ಅಲ್ಲಿಲ್ಲ ಅನ್ಸ್ತದ. ಇಲ್ಲಿ ಪರದೆ ಎಂಗವೋ ಅಲ್ಲಿಂದೂ ಅಂಗೇ ಬತ್ತದ. ನೀನು ವೈರು ಸಿಕ್ಸಿರೋದೆ ತಿರುಗಾಮುರುಗಾ ಆಗಿರ್ಬೇಕು. ಬಂದು ನೋಡ್ಬುಡು."

"ಇದು ಫಿಲಂ ತೊಳೆದಷ್ಟು ಸುಲಭ ಅಲ್ಲಕ್ಕ" ಎಂದು ಫೋನಿಟ್ಟೆ.

ಆ ಮಧ್ಯಾಹ್ನ ಅಕ್ಕ ಒಳಗೆ ಮಗುವೊಂದರ ಎಕ್ಸ್‌ರೇ ತೆಗೆಯುತ್ತಿದ್ದಾಗ, ಕಾಲು ಮುರಿದಿದ್ದ ಲಾರಿ ಡ್ರೈವರೊಬ್ಬ ಮರುಪರೀಕ್ಷೆಗೆ ಬಂದಿದ್ದ. ಡಾಕ್ಟರು ಅಕ್ಕನ ಮೇಜಿನ ಮುಂದೆ ನಿಂತು, ಅಭ್ಯಾಸದಂತೆ ಬಲಗಡೆಯ ಚಿತ್ರ ನೋಡಿ, ಮೂಳೆ ಕೂಡಿಯೇ ಇಲ್ಲ, ಮೈಸೂರಿಗೆ ಹೋಗಿ ಆಪರೇಷನ್ ಮಾಡಿಸಬೇಕು ಎಂದುಬಿಟ್ಟರು. ಅವನ ಹೆಂಡತಿ ಗೋಳೋ ಎಂದು ಅಳತೊಡಗಿದಳು. ಅಳು ಕೇಳಿ ಓಡಿ ಬಂದ ಅಕ್ಕ, ಚಿತ್ರದ ಮೂಲೆಯಲ್ಲಿದ್ದ ತಾರೀಖಿನ ಮೇಲೆ ಬೆರಳಿಟ್ಟರು. ಅದು ಹಳೆಯ ಚಿತ್ರ. ಎಡಗಡೆಯದರಲ್ಲಿ ಮೂಳೆ ಚೆನ್ನಾಗಿ ಕೂಡಿಕೊಂಡಿತ್ತು.

ಸಂಜೆ ನನ್ನನ್ನು ಕರೆಸಿದರು. ಮೊದಲು ಮೇಜಿನ ಹಿಂದೆ ಬಗ್ಗಿ ನೋಡಿದೆ. ಎರಡೂ ಕೇಬಲ್ಲುಗಳನ್ನು ನಾನೇ ಅದಲುಬದಲಾಗಿ ಸಿಕ್ಕಿಸಿದ್ದೆ. ಸದ್ದಿಲ್ಲದೆ ಸರಿಪಡಿಸಿ ಎದ್ದರೆ, ಬಾಗಿಲಲ್ಲಿ ಅಕ್ಕ ನಿಂತಿದ್ದರು.

"ಯಾರದಯ್ಯ ತಪ್ಪು?" ಒಳಗೆ ಬಂದ ಡಾಕ್ಟರು ಅವರೆದುರೇ ಕೇಳಿದರು.

"ಸೆಟ್ಟಿಂಗ್ ಬದಲಾಗಿತ್ತು ಸರ್. ಇವರು ಗೊತ್ತಿಲ್ಲದೆ ಏನೋ ಒತ್ತಿರಬೇಕು."

ಅಕ್ಕ ನನ್ನ ಮುಖವನ್ನೇ ನೋಡಿದರು. ಹೊರಗೆ ಬಂದ ಮೇಲೆ ಮೆಲ್ಲಗೆ, "ನಿಂದು ಹೊಸ ಕೆಲ್ಸ, ಅದ್ಕೆ ಸುಮ್ಕಿದ್ದೆ. ಇನ್ನೊಂದ್ಸಲ ಯಾರಾರ ಫೋನ್ ಮಾಡುದ್ರೆ ಪೂರ್ತಿ ಕೇಳುಸ್ಕೊ" ಎಂದರು.

ಮುಂದಿನ ವಾರ ಅವರನ್ನು ಎಕ್ಸ್‌ರೇ ಕೋಣೆಯಿಂದ ತೆಗೆದು ಹೊರರೋಗಿಗಳ ಚೀಟಿ ಬರೆಯಲು ಕೂರಿಸಿದರು. ಕೊನೆಯವರೆಗೂ ಅಲ್ಲೇ ಇದ್ದರು. ನಾನು ಹೋದಾಗಲೆಲ್ಲ "ಊಟ ಆಯ್ತಾ?" ಎಂದು ಅವರೇ ಮೊದಲು ಮಾತಾಡಿಸುತ್ತಿದ್ದರು. ಇವತ್ತು ನಿಜ ಹೇಳಿಬಿಡುತ್ತೇನೆ ಎಂದುಕೊಂಡೇ ಬಸ್ಸು ಹತ್ತುತ್ತಿದ್ದೆ, ಹೇಳದೆಯೇ ಹಿಂತಿರುಗುತ್ತಿದ್ದೆ.

ಕೆಲವು ವರ್ಷಗಳ ನಂತರ ಅವರು ತೀರಿಕೊಂಡಾಗ ಮಣ್ಣಿಗೆ ಹೋದೆ. ಡಾಕ್ಟರೂ ಬಂದಿದ್ದರು. ಪಕ್ಕದಲ್ಲಿ ನಿಂತು ನಿಟ್ಟುಸಿರಿಟ್ಟರು.

"ಬಂಗಾರದಂಥ ಹೆಂಗಸು. ಪಾಪ, ಆ ಕಂಪ್ಯೂಟರ್ ಒಂದು ಕೈಗೆ ಹತ್ತಲಿಲ್ಲ."

"ಹೌದು ಸರ್" ಎಂದೆ.